ಕಿರೀಟ ಬಿಟ್ಟು ಕಾಲು ಉಳಿಸಿದವರು

ಮಲಾಡ್ ಪಶ್ಚಿಮದ ಆ ಕೋಣೆಗೆ ಕಿಟಕಿ ಇಲ್ಲ. ಕೆಳಗಿನ ಕ್ಯಾಂಟೀನಿನಿಂದ ಇಡ್ಲಿಯ ಹಬೆಯ ವಾಸನೆ ಮೇಲೆ ಬಂದರೆ ಬೆಳಗಾಯಿತು ಎಂದು ತಿಳಿಯಬೇಕು. ಎಸಿಯ ಚಳಿಗೆ ಶಾಲು ಹೊದ್ದುಕೊಂಡ ನಾಗರತ್ನಾ ಪರದೆಯ ಮುಂದೆ ಕೂತಿದ್ದಾರೆ. ಪರದೆಯಲ್ಲಿ ಇಪ್ಪತ್ತು ವರ್ಷ ಹಳೆಯ ಕನ್ನಡ ಧಾರಾವಾಹಿ. ಅತ್ತೆ ಬಾಗಿಲಲ್ಲಿ ನಿಂತು ಸೊಸೆಯನ್ನು ಬೈಯುತ್ತಿದ್ದಾಳೆ. ಅತ್ತೆಗೆ ಹಣೆ ಇಲ್ಲ.

ನಾಗರತ್ನಾ ಮೌಸ್ ಹಿಡಿದು ಚಿತ್ರವನ್ನು ಚೂರು ಕೆಳಗೆ ಎಳೆಯುತ್ತಾರೆ. ಹಣೆ ಬರುತ್ತದೆ, ಕುಂಕುಮ ಬರುತ್ತದೆ. ಸೊಸೆಯ ಕೈಯಲ್ಲಿದ್ದ ತಟ್ಟೆ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ.

"ತಟ್ಟಿ ಹೋದ್ರ ಹೋಗ್ಲಿ. ಬೈಯೋರ ಮಾರಿ ಕಾಣಬೇಕು ನೋಡ್ರಿ" ಎನ್ನುತ್ತಾರೆ. ಮುಂದಿನ ಶಾಟ್‌ಗೆ ಹೋಗುತ್ತಾರೆ.

ಇದೇ ಅವರ ಕೆಲಸ. ಹಿಂದಿನ ಟಿವಿಗಳು ಹೆಚ್ಚುಕಡಿಮೆ ಚೌಕಾಕಾರ, ಈಗಿನವು ಅಗಲ. ಹಳೆಯ ಚಿತ್ರವನ್ನು ಅಗಲ ಪರದೆಗೆ ಹಿಗ್ಗಿಸಿದರೆ ಎಲ್ಲರೂ ದಪ್ಪಗಾಗುತ್ತಾರೆ. ಹಾಗೆಯೇ ಬಿಟ್ಟರೆ ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಉಳಿದದ್ದು ಒಂದೇ ದಾರಿ: ಚಿತ್ರವನ್ನು ದೊಡ್ಡದು ಮಾಡಿ ಮೇಲಿಂದಲೋ ಕೆಳಗಿಂದಲೋ ನಾಲ್ಕರಲ್ಲೊಂದು ಭಾಗ ಕತ್ತರಿಸುವುದು. ಎಲ್ಲಿ ಕತ್ತರಿಸಬೇಕು ಎಂಬುದನ್ನು ಒಂದೊಂದು ಶಾಟ್‌ಗೂ ಯಾರಾದರೂ ಕೂತು ನಿರ್ಧರಿಸಬೇಕು. ಒಂದು ಕಂತಿನಲ್ಲಿ ಮುನ್ನೂರು ಶಾಟ್ ಇರುತ್ತದೆ. ನಾಗರತ್ನಾ ಒಂದು ಪಾಳಿಯಲ್ಲಿ ಎರಡು ಕಂತು ಮುಗಿಸುತ್ತಾರೆ.

ಬೇರೆ ಬೇರೆ ಭಾಷೆಯ ವಾಹಿನಿಗಳು ಈ ಕಟ್ಟಡದಿಂದ ಉಪಗ್ರಹಕ್ಕೆ ಹೋಗುತ್ತವೆ. ಹಿಂದಿ ವಾಹಿನಿಗಳು, ಕ್ರೀಡಾ ವಾಹಿನಿಗಳು ಎಚ್‌ಡಿ ಆಗಿ ಎಷ್ಟೋ ವರ್ಷವಾಯಿತು. ನಾಗರತ್ನಾ ಕೆಲಸ ಮಾಡುವ ಕನ್ನಡ ವಾಹಿನಿ ಎಚ್‌ಡಿ ಶುರು ಮಾಡಿದ್ದು ಈ ವರ್ಷ, ಅದೂ ಪ್ರಯೋಗಕ್ಕೆ. ಇಷ್ಟು ತಡ ಯಾಕೆ ಎಂದು ಕೇಳಿದರೆ ಪಾಳಿಯ ಮೇಲ್ವಿಚಾರಕ ದೇವಾನಂದ ಚಹಾದ ಗ್ಲಾಸು ಕೆಳಗಿಟ್ಟು ಹೇಳುತ್ತಾರೆ:

"ಎಚ್‌ಡಿಗೆ ಉಪಗ್ರಹದಾಗ ಜಾಗ ಜಾಸ್ತಿ ಬೇಕು, ಬಾಡಿಗಿನೂ ಜಾಸ್ತಿ. ಹಳೇ ಚಾನೆಲ್ ಬಂದ್ ಮಾಡಾಕ ಬರೂದಿಲ್ಲ, ಅರ್ಧ ಊರು ಅದನ್ನ ನೋಡ್ತದ. ಅಂದ್ರ ಎರಡೂ ನಡಸಬೇಕು. ಆದ್ರ ಸೋಪಿನ ಜಾಹೀರಾತಿನವ ಎರಡು ಸಲ ರೊಕ್ಕ ಕೊಡ್ತಾನೇನು? ಒಂದ ಸಲ ಕೊಡ್ತಾನ, ಅದೂ ಚೌಕಾಶಿ ಮಾಡಿ. ಕೇಬಲ್‌ನವ ಜಾಗ ಇಲ್ಲಂತಾನ. ಮನಿಯವರು ಬಾಕ್ಸ್ ಬದಲಿ ಮಾಡಾಕ ಒಲ್ಲೆ ಅಂತಾರ. ಇಷ್ಟೆಲ್ಲ ಮಾಡಿ ಶುರು ಮಾಡಿದ್ರ ತೋರ್ಸೂದು ಏನು? ನಮ್ಮ ಗೋಡೌನ್ ತುಂಬ ಹಳೇ ಟೇಪು."

ಆ ಟೇಪುಗಳೇ ನಾಗರತ್ನಾ ಅವರ ಅನ್ನ. ಹೊಸ ಕಾರ್ಯಕ್ರಮ ಇಡೀ ದಿನ ತುಂಬುವಷ್ಟಿಲ್ಲ. ಬೆಳಗ್ಗೆ, ಮಧ್ಯಾಹ್ನ, ಭಾನುವಾರ ಹಳೆಯದನ್ನೇ ಹಾಕಬೇಕು. ಕಪ್ಪು ಪಟ್ಟಿ ಬರಲೇಬಾರದು ಎಂದು ಕಂಪನಿಯ ಕಟ್ಟಪ್ಪಣೆ. ಮೊದಲ ವಾರ ಪಟ್ಟಿ ಬಂದಾಗ, ಎಚ್‌ಡಿಗೆ ಹೆಚ್ಚು ಹಣ ಕೊಟ್ಟವರು ಟಿವಿ ಕೆಟ್ಟಿದೆ ಎಂದು ಕೇಬಲ್‌ನವರ ಮೇಲೆ ಹರಿಹಾಯ್ದಿದ್ದರಂತೆ.

ನಾಗರತ್ನಾ ಅವರ ಅಪ್ಪ ಹಣಮಂತ ಇಂಡಿ ಕಡೆಯಿಂದ ಬಂದು ಬೊರಿವಲಿಯಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದವರು. ಕಟ್ಟಡ ಎದ್ದಂತೆ ಅವರ ಗುಡಿಸಲು ಮುಂದಿನ ಸೈಟಿಗೆ ಹೋಗುತ್ತಿತ್ತು. ಮಗಳು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದಳು. ಹನ್ನೆರಡನೆಯ ತರಗತಿ ಮುಗಿಸಿ ಮಲಾಡ್ ಸ್ಟೇಷನ್ ಎದುರಿನ ಫೋಟೋ ಸ್ಟುಡಿಯೋದಲ್ಲಿ ಮದುವೆಯ ವಿಡಿಯೋ ಮಿಕ್ಸಿಂಗ್ ಕಲಿತಳು. ಮೊದಲ ಪಾಠ ಅಲ್ಲಿಯೇ ಆಯಿತು. ಒಂದು ಮದುವೆಯಲ್ಲಿ ವರನ ಸೋದರಮಾವನ ತಲೆ ಕತ್ತರಿಸಿಹೋಗಿ, ಆತ ಸ್ಟುಡಿಯೋಕ್ಕೆ ಬಂದು ಜಗಳವಾಡಿದ. ಅಂದಿನಿಂದ ನಾಗರತ್ನಾ ಅವರಿಗೆ ಒಂದೇ ನಿಯಮ: ಏನು ಹೋದರೂ ತಲೆ ಉಳಿಸು.

ಸ್ಟುಡಿಯೋ ಮುಚ್ಚಿತು. ಗಂಡ ಗೋದಾಮಿನಲ್ಲಿ ಕಾವಲು ಕೆಲಸ ಮಾಡುತ್ತಾರೆ, ಹಗಲು ನಿದ್ದೆ. ನಾಗರತ್ನಾ ಕತ್ತಲಲ್ಲೇ ಎದ್ದು ಬೊರಿವಲಿಯಿಂದ ಲೋಕಲ್ ರೈಲು ಹಿಡಿಯುತ್ತಾರೆ. ಈ ಕೆಲಸ ಗುತ್ತಿಗೆಯದು. ಈಗ ಕಂಪ್ಯೂಟರೇ ನೋಡಿ ಕತ್ತರಿಸುವ ಸಾಫ್ಟ್‌ವೇರ್ ಬಂದಿದೆ. ಅದನ್ನು ತರಿಸುವ ಮಾತು ಕಂಪನಿಯಲ್ಲಿ ನಡೆಯುತ್ತಿದೆ. ಒಂದೆರಡು ದೂರು ಬಂದರೆ ಸಾಕು, ಮಾತು ಬೇಗ ಮುಗಿದು ಈ ಕೆಲಸ ಹೋಗುತ್ತದೆ. ಇದು ನಾಗರತ್ನಾ ಅವರಿಗೂ ಗೊತ್ತು.

ಮೊದಲ ದೂರು ಬಂದದ್ದು ಕೆಳಗಿನ ಕ್ಯಾಂಟೀನಿನಿಂದ.

ಕ್ಯಾಂಟೀನ್ ನಡೆಸುವ ಸುಕೇಶ್ ಮಂಗಳೂರು ಕಡೆಯವರು, ಹುಟ್ಟಿದ್ದು ವಿಲೆ ಪಾರ್ಲೆಯಲ್ಲಿ. ಕ್ಯಾಂಟೀನಿನ ಗೋಡೆಯ ಮೇಲೆ ದೊಡ್ಡ ಎಚ್‌ಡಿ ಟಿವಿ ಇದೆ. ಒಂದು ಭಾನುವಾರ ಅದರಲ್ಲಿ ಹಳೆಯ ಯಕ್ಷಗಾನ ಬಂತು. ಮರುದಿನ ಇಡ್ಲಿಯ ತಟ್ಟೆ ಚಾಚುತ್ತಾ ಸುಕೇಶ್ ಕೇಳಿದರು:

"ಅಕ್ಕ, ನಿನ್ನೆಯ ಆಟ ನೀವಾ ಕತ್ತರಿಸಿದ್ದು?"

"ಹೌದ್ರಿ. ಯಾಕ?"

"ಅಲ್ಲ, ಗೆಜ್ಜೆಯ ಶಬ್ದ ಬರ್ತಾ ಉಂಟು, ಕಾಲು ಮಾತ್ರ ರಜೆಯಲ್ಲಿ ಊರಿಗೆ ಹೋಗಿದೆ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾಗರತ್ನಾ ಕೂಡ ನಕ್ಕರು. ಯಕ್ಷಗಾನ ಅವರು ಎದುರು ಕೂತು ನೋಡಿದವರಲ್ಲ. ಎಷ್ಟೆತ್ತರದ ಕಿರೀಟ, ಕತ್ತರಿಸಿದರೆ ಜನ ಬಿಡುತ್ತಾರೆಯೇ ಎಂದು ಯೋಚಿಸಿ, ಉದ್ದಕ್ಕೂ ಕಿರೀಟ ಉಳಿಸಿ ಕಾಲು ತೆಗೆದಿದ್ದರು.

ಸುಕೇಶ್ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಅವರ ಅಪ್ಪ ಕೊರಗಪ್ಪ ಪಾರ್ಲೆಯ ಹೋಟೆಲೊಂದರಲ್ಲಿ ದೋಸೆ ಹಾಕುತ್ತಿದ್ದರು. ಹಗಲಿಡೀ ಕಾವಲಿಯ ಮುಂದೆ ನಿಂತು, ಸಂಜೆ ಹವ್ಯಾಸಿ ತಂಡದಲ್ಲಿ ಕುಣಿಯುತ್ತಿದ್ದರು. ವಾಹಿನಿಯವರು ಬಹಳ ವರ್ಷದ ಹಿಂದೆ ಆ ತಂಡದ ಒಂದು ಆಟವನ್ನು ಚಿತ್ರೀಕರಿಸಿದ್ದರು. ಕೊರಗಪ್ಪ ತೀರಿಕೊಂಡು ಎರಡು ವರ್ಷವಾಯಿತು.

"ಅದು ಎಂದಾದ್ರೂ ಬಂದ್ರೆ ಹೇಳಿ ಅಕ್ಕ. ಅಮ್ಮನಿಗೆ ತೋರಿಸ್ಬೇಕು."

ಬಂತು. ತಿಂಗಳೊಳಗೆ ಆ ಟೇಪು ನಾಗರತ್ನಾ ಅವರ ಪರದೆಗೆ ಬಂತು. ಸಭಾಂಗಣದ ಹಿಂದುಗಡೆ ಒಂದೇ ಕ್ಯಾಮೆರಾ ಇಟ್ಟು ತೆಗೆದ ಚಿತ್ರ. ಕೊನೆಯಲ್ಲಿ ಕೊರಗಪ್ಪ ಒಬ್ಬರೇ ರಂಗದ ಮೇಲೆ ಸುತ್ತು ಹಾಕಿ ಕುಣಿಯುತ್ತಾರೆ, ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಇಡೀ ಚೌಕಟ್ಟು ತುಂಬಿಕೊಂಡು. ಎಲ್ಲಿ ಕತ್ತರಿಸಿದರೂ ಏನಾದರೊಂದು ಹೋಗುತ್ತದೆ. ಈ ಒಂದು ಸಲ ಪಕ್ಕದಲ್ಲಿ ಪಟ್ಟಿ ಬಿಡೋಣವೇ ಎಂದು ದೇವಾನಂದರನ್ನು ಕೇಳಿದರು. ಆಗುವುದಿಲ್ಲ ಎಂದು ಉತ್ತರ ಬಂತು.

ಜೊತೆಗೆ ಇನ್ನೊಂದು ತೊಡಕು. ಎಡಗಾಲಿನ ಗೆಜ್ಜೆಯ ಹತ್ತಿರ ಒಂದು ಬಿಳಿ ಗೀರು ಮಿಣಮಿಣ ಎನ್ನುತ್ತಿತ್ತು. ಹಳೆಯ ಟೇಪುಗಳಲ್ಲಿ ಇಂಥ ಗೀರು ಸಾಮಾನ್ಯ. ಸುತ್ತಲಿನ ಬಣ್ಣವನ್ನೇ ಅದರ ಮೇಲೆ ಬಳಿದು ಅಳಿಸುವುದೂ ನಾಗರತ್ನಾ ಅವರದೇ ಕೆಲಸ. ಅಳಿಸತೊಡಗಿದರು. ಒಂದು ಸುತ್ತು ಕುಣಿತದಷ್ಟು ಭಾಗ ಅಳಿಸಿಯೂ ಆಯಿತು.

ಆ ಸಂಜೆ ಸುಕೇಶ್ ಅವರಿಂದ ವಿಳಾಸ ಪಡೆದು, ಮನೆಗೆ ಹೋಗದೆ, ಎದುರು ದಿಕ್ಕಿನ ಲೋಕಲ್ ಹಿಡಿದು ವಿಲೆ ಪಾರ್ಲೆಯಲ್ಲಿ ಇಳಿದರು. ಕೊರಗಪ್ಪನವರ ಹೆಂಡತಿ ಸೇವಂತಿ ಇನ್ನೂ ಹಳೆಯ ಚಾಳಿನ ಒಂದೇ ಕೋಣೆಯ ಮನೆಯಲ್ಲೇ ಇದ್ದಾರೆ. ಹದಿನಾಲ್ಕು ಇಂಚಿನ ಹಳೆಯ ಟಿವಿ, ಹಳೆಯ ಬಾಕ್ಸ್. ಗೋಡೆಯಲ್ಲಿ ಕೊರಗಪ್ಪನವರ ಫೋಟೋ, ಅದಕ್ಕೆ ಹಾರ ಇಲ್ಲ.

ನಾಗರತ್ನಾ ಸುತ್ತಿಬಳಸದೆ ಕೇಳಿದರು. "ಅವ್ವಾರ, ಕುಣಿಯೂದರಾಗ ಕಿರೀಟ ಇಡ್ಲೋ, ಕಾಲು ಇಡ್ಲೋ? ಎರಡೂ ಹಿಡಿಸೂದಿಲ್ಲ."

ಸೇವಂತಿ ಬಹಳ ಯೋಚಿಸಲಿಲ್ಲ. "ಕಿರೀಟ ಬಾಡಿಗೆದ್ದು ಮಾರಾಯ್ತಿ. ಮರುದಿನ ವಾಪಸ್ ಕೊಡ್ಲಿಕ್ಕಿತ್ತು. ಕಾಲು ಇವರದ್ದೇ."

ಚಹಾ ಸೋಸಿ ಕೊಟ್ಟು ಇಷ್ಟನ್ನು ಸೇರಿಸಿದರು. "ಫೋಟೋ ಎಲ್ಲ ಎದೆಯವರೆಗೆ ಮಾತ್ರ ಉಂಟು ನೋಡಿ. ಮುಖ ನನಗೆ ದಿನಾ ಕಾಣ್ತದೆ. ಕಾಲಿನದ್ದು ಒಂದೂ ಇಲ್ಲ."

ಮರುದಿನ ಬೆಳಗ್ಗೆ ನಾಗರತ್ನಾ ಚಿತ್ರವನ್ನು ಮೇಲಕ್ಕೆ ಎಳೆದರು. ಕಿರೀಟ ಹೋಯಿತು; ಹುಬ್ಬಿನಿಂದ ಕೆಳಗೆ, ಗೆಜ್ಜೆಯವರೆಗೆ ಎಲ್ಲವೂ ಉಳಿಯಿತು. ಆಮೇಲೆ ಅರ್ಧ ಅಳಿಸಿದ್ದ ಬಿಳಿ ಗೀರಿನ ಕಡೆ ಕೈ ಹೋಯಿತು. ಟೇಪಿನ ಗೀರು ಒಂದು ಕಡೆ ಮಿಂಚಿ ಮಾಯವಾಗುತ್ತದೆ. ಇದು ಕಾಲಿನ ಜೊತೆಗೇ ಹೋಗುತ್ತಿತ್ತು, ಕಾಲು ತಿರುಗಿದರೆ ಅದೂ ತಿರುಗುತ್ತಿತ್ತು.

"ಏನಂತ ತಿಳೀಲಿಲ್ರಿ. ಕಾಲಿಂದು ಏನೂ ಮುಟ್ಟೂದು ಬ್ಯಾಡ ಅನಿಸ್ತು. ಅಳಿಸಿದ್ದನ್ನ ವಾಪಸ್ ತಂದೆ" ಎನ್ನುತ್ತಾರೆ.

ಪರಿಶೀಲನೆಗೆ ಬಂದ ದೇವಾನಂದ ಚಿತ್ರವನ್ನು ನಿಲ್ಲಿಸಿದರು. "ಅರೆ, ರತ್ನಾಬಾಯಿ! ರಾಜನ ಕಿರೀಟ ಯಾರು ಕದ್ರು?"

"ನಾನ ರಿ. ಇಲ್ಲಿ ಕಾಲು ಬೇಕು."

"ತಲಿ ಉಳಿಸು ಅಂತ ನನಗ ಕಲಿಸಿದಾಕಿ ನೀನ ಅಲ್ಲೇನು? ಮತ್ತ ಈ ಬಿಳೇದು ಏನು, ಹುಳಾ ಹರದಂಗ?"

"ಅದೂ ಇರ್ಲಿ ರಿ."

ದೇವಾನಂದ ಇನ್ನೊಮ್ಮೆ ಓಡಿಸಿ ನೋಡಿದರು. ಕೊನೆಯವರೆಗೂ ನೋಡಿದರು. "ಇರ್ಲಿ. ದೂರು ಬಂದ್ರ ಫೋನ್ ನೀನ ಎತ್ತಬೇಕು. ಮ್ಯಾಲಿನವರಿಗೆ ನನ್ನ ಹೆಸರು ಹೇಳಬ್ಯಾಡ" ಎಂದು ಸಹಿ ಹಾಕಿದರು.

ಭಾನುವಾರ ಬೆಳಗ್ಗೆ ಪ್ರಸಾರವಾಯಿತು. ನಾಗರತ್ನಾ ಪಾಳಿಯಲ್ಲೇ ಇದ್ದರು. ಮೊದಲ ಫೋನ್ ಬಂದದ್ದು ಸೇವಂತಿಯವರದು.

"ಎಂಥದ್ದು ಮಾರಾಯ್ತಿ, ಕಿರೀಟ ಉಂಟಲ್ಲ! ಕಾಲೂ ಉಂಟು. ನೀವು ಸುಮ್ಮನೆ ಹೆದರಿಸಿದ್ದು ನನ್ನನ್ನು."

ನಾಗರತ್ನಾ ಅವರಿಗೆ ಆಗ ಹೊಳೆಯಿತು. ಹಳೆಯ ವಾಹಿನಿಗೆ ಹಳೆಯ ಟೇಪು ಹಾಗೆಯೇ ಹೋಗುತ್ತದೆ. ಅದಕ್ಕೆ ಯಾರೂ ಕತ್ತರಿ ಹಾಕುವುದಿಲ್ಲ. ಸೇವಂತಿಯವರ ಹಳೆಯ ಟಿವಿಯಲ್ಲಿ ಕೊರಗಪ್ಪ ಇಡಿಯಾಗಿಯೇ ಕುಣಿದಿದ್ದರು. ಎರಡು ದಿನ ತಲೆಕೆಡಿಸಿಕೊಂಡು ಮಾಡಿದ ಕೆಲಸವನ್ನು ಯಾರಿಗಾಗಿ ಮಾಡಿದರೋ ಅವರೇ ನೋಡಿರಲಿಲ್ಲ. ನಾಗರತ್ನಾ ಅವರ ಮನೆಯಲ್ಲೂ ಎಚ್‌ಡಿ ಇಲ್ಲ. ಮಗಳು ನಮಿತಾ ಅಮ್ಮನನ್ನು ಛೇಡಿಸುತ್ತಾಳೆ: "ಮಮ್ಮಿ, ತೂ ಜೋ ಕಾಟ್‌ತೀ ಹೈ, ನೀ ಕತ್ತರಿಸಿದ್ದು ನಾವೇ ನೋಡೋದಿಲ್ಲ!"

ಸುಕೇಶ್ ಮಾತ್ರ ಬಿಡಲಿಲ್ಲ. ಬುಧವಾರ ಬೆಳಗ್ಗೆ ಮರುಪ್ರಸಾರ. ಮೊದಲ ಗಾಡಿಗೇ ಅಮ್ಮನನ್ನು ಮಲಾಡಿಗೆ ಕರೆದುಕೊಂಡು ಬಂದು ಕ್ಯಾಂಟೀನಿನ ಟಿವಿಯ ಎದುರು ಕೂರಿಸಿದರು. ನಾಗರತ್ನಾ ಕೆಳಗಿಳಿದು ಬಂದು ಬಾಗಿಲ ಬಳಿ ನಿಂತರು. ದೇವಾನಂದರೂ ಚಹಾ ನೆಪದಲ್ಲಿ ಬಂದರು.

ದೊಡ್ಡ ಪರದೆಯಲ್ಲಿ ಕೊರಗಪ್ಪ ಕುಣಿಯುತ್ತಿದ್ದರು, ಕಿರೀಟವಿಲ್ಲದೆ. ಸೇವಂತಿ ಎದ್ದು ಟಿವಿಯ ಹತ್ತಿರ ಹೋದರು. ಬೆರಳು ಎತ್ತಿ, ಮನೆಯ ಚಿಕ್ಕ ಟಿವಿಯಲ್ಲಿ ಕಾಣದಿದ್ದ ಎಡಗಾಲಿನ ಬಿಳಿ ಗೀರನ್ನು ಮಗನಿಗೆ ತೋರಿಸಿದರು.

"ಸುಕೇಶ, ಇದು ನೋಡು. ಗೆಜ್ಜೆಯ ದಾರ ಹರಿದಿತ್ತು ಆ ದಿನ. ಹೋಟೆಲಿನ ಪಾರ್ಸೆಲ್ ಕಟ್ಟುವ ನೂಲು ಇವರ ಕಿಸೆಯಲ್ಲೇ ಇತ್ತು. ನಾಲ್ಕು ಸುತ್ತು ಹಾಕಿ ನಾನೇ ಕಟ್ಟಿದ್ದು, ಒಳಗೆ ಪರದೆಯ ಹಿಂದೆ. ಗಟ್ಟಿ ಆಯ್ತಾ ಅಂತ ನಾನು ಕೇಳಿದ್ದಕ್ಕೆ, ನೀನು ಕಟ್ಟಿದ್ದು ಮಸಾಲೆ ದೋಸೆ ಅಲ್ಲ, ಕಾಲು ಅಂತ ಹೇಳಿ ಓಡಿದ್ರು."

ಕುಣಿತ ಮುಗಿಯಿತು, ಸೋಪಿನ ಜಾಹೀರಾತು ಬಂತು. ಸೇವಂತಿ ಬಂದು ಕೂತು, ಮಗ ಕೊಟ್ಟ ಇಡ್ಲಿ ತಿಂದರು. ಸಾಂಬಾರಿಗೆ ಉಪ್ಪು ಕಡಿಮೆ ಎಂದರು.

ಕಿರೀಟದ ಬಗ್ಗೆ ಒಂದು ದೂರು ಬಂದಿದೆ. ಫೋನ್ ನಾಗರತ್ನಾ ಅವರೇ ಎತ್ತಿದರು. ಸಾಫ್ಟ್‌ವೇರ್ ಬರುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ. ಗುತ್ತಿಗೆ ಮಾರ್ಚ್‌ವರೆಗೆ ಇದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಮತ್ತೆ ಅತ್ತೆ, ಮತ್ತೆ ಸೊಸೆ. ಶಾಲು ಹೊದ್ದು ಮೌಸ್ ಹಿಡಿಯುತ್ತಾ ನಾಗರತ್ನಾ ಹೇಳುತ್ತಾರೆ:

"ಆ ನೂಲು ನಾ ಅಳಿಸಿಬಿಟ್ಟಿದ್ದೆ ನೋಡ್ರಿ, ಅರ್ಧ. ವಾಪಸ್ ತಂದೆ. ಅಷ್ಟ ಸಾಕು."