ತುಂಡುಗಳ ಕ್ಯಾಸೆಟ್ಟು

ನಮ್ಮ ಕಟಿಂಗ್ ಮಾಸ್ಟ್ರ ಹತ್ತು ಉಗುರೂ ನೀಲಿಯಾಗಿದ್ದವು. ಮದುವೆಗೆ ಹೋದರೂ ನೀಲಿ, ಹಬ್ಬಕ್ಕೆ ಎಣ್ಣೆನೀರು ಹಾಕಿಕೊಂಡರೂ ನೀಲಿ. ವರ್ಷಗಟ್ಟಲೆ ಜೀನ್ಸ್ ಬಟ್ಟೆ ಕತ್ತರಿಸಿದ ಕೈ. ಬಣ್ಣ ಉಗುರಿನ ಬುಡಕ್ಕೇ ಇಳಿದುಬಿಟ್ಟಿತ್ತು. ಊಟಕ್ಕೆ ಕೂತಾಗ ಆ ಬೆರಳುಗಳು ಅನ್ನ ಕಲಸುವುದನ್ನು ನೋಡಿ, ಈ ಬಣ್ಣ ಹೊಟ್ಟೆಗೆ ಹೋದರೆ ಏನು ಗತಿ ಎಂದು ನಾನು ಮೊದಲ ವಾರವಿಡೀ ಚಿಂತೆ ಮಾಡಿದೆ. ಅವರಿಗೇನೂ ಆಗಲಿಲ್ಲ. ಚಿಂತೆ ಮಾಡಿದ ನನಗೆ ಹೊಟ್ಟೆನೋವು ಶುರುವಾಯಿತು.

ನಾನು ಮಡಕಶಿರದ ಹತ್ತಿರ ರೊಳ್ಳದ ಕಡೆಯವನು. ನಮ್ಮ ಊರಿನಲ್ಲಿ ಕಡ್ಲೆಕಾಯಿ ಕಿತ್ತು ಮುಗಿದ ಮೇಲೆ ಕೆಲಸಕ್ಕೆ ಹೊರಟವರೆಲ್ಲ ಬೆಂಗಳೂರು ಬಸ್ಸು ಹತ್ತುತ್ತಿದ್ದರು. ಅಲ್ಲಿ ರಸ್ತೆ ದಾಟುವುದು ಹೇಗೆ ಎಂಬ ಒಂದೇ ಭಯಕ್ಕೆ ನಾನು ರಾಯದುರ್ಗದ ಬಸ್ಸು ಹತ್ತಿದೆ. ಆಗಲೇ ಮದುವೆಯಾಗಿತ್ತು, ಮಿಷನ್ ತುಳಿಯಲು ಬರುತ್ತಿತ್ತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟುಗಳು ಸಂದಿಗೊಂದಿಗೆಲ್ಲ ತೆರೆದುಕೊಳ್ಳುತ್ತಿದ್ದ ಕಾಲ ಅದು. ಮಾಸ್ಟ್ರು ನನ್ನ ಹೆಸರು ಕೇಳಿದರು, ಊರು ಕೇಳಿದರು, ಹೆಸರನ್ನು ಅಲ್ಲೇ ಬಿಟ್ಟರು. ಅವತ್ತಿನಿಂದ ನಾನು "ಮಡಕಶಿರ".

ಕತ್ತರಿಸುವ ಮುಂಚೆ ಅವರದೊಂದು ಪದ್ಧತಿ ಇತ್ತು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿಸಿ, ಪದರ ಎಣಿಸಿ (ಎಣಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ) ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುವರು. ಆಮೇಲೆ ಹೊರಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು, ಮೇಜಿನ ಆಚೆ ಬದಿಗೆ ನಿಂತು ಅದೇ ಗೆರೆಯನ್ನು ಇನ್ನೊಂದು ಸಲ ನೋಡುವರು. ಓನರು ಅವಸರ ಮಾಡಿದರೆ, "ಕತ್ತರಿಸಿದ್ದನ್ನ ಅಂಟಿಸೋ ಮಿಷನ್ನು ಇನ್ನೂ ಬಂದಿಲ್ರಿ" ಎನ್ನುವರು. ಕತ್ತರಿಸಿ ಉಳಿದ ತುಂಡುಗಳನ್ನು ಗುಡಿಸಿ ಎಸೆಯಲು ಬಿಡುತ್ತಿರಲಿಲ್ಲ. ಅಳತೆ ನೋಡಿ ಬೇರೆ ಬೇರೆ ಚೀಲಕ್ಕೆ ತುಂಬುವರು. ಒಂದಲ್ಲ ಒಂದು ದಿನ ಅವು ಜೇಬಾಗಿ, ಬೆಲ್ಟಿನ ಪಟ್ಟಿಯಾಗಿ, ಯಾರದೋ ಮಗುವಿನ ಚಡ್ಡಿಯಾಗಿ ಹೊರಗೆ ಬರುತ್ತಿದ್ದವು.

"ಯಾಕ್ ಮಾಸ್ಟ್ರೆ ಈ ಚಿಂದಿ ಎಲ್ಲಾ ಮಡಿಕ್ಕೊಂತೀರ?" ಎಂದು ನಾನು ಒಮ್ಮೆ ಕೇಳಿದೆ.

"ಚಿಂದಿ ಅಲ್ಲಪಾ ಇದು. ಇನ್ನೂ ಕೆಲಸ ಸಿಗದ ಬಟ್ಟಿ."

ಕೆಲಸಕ್ಕೆ ಸೇರಿ ಆಗಿನ್ನೂ ಎರಡನೇ ದಿನ. ಆ ಮಾತು ನನ್ನ ಬಗ್ಗೆಯೇ ಇರಬಹುದೇ ಎಂದು ಒಂದು ತಿಂಗಳು ಯೋಚಿಸಿದೆ.

ಮಾಸ್ಟ್ರಿಗೆ ಬಟ್ಟೆ ಬಿಟ್ಟರೆ ಇದ್ದ ಇನ್ನೊಂದು ಗೀಳು ಒಬ್ಬ ಗವಾಯಿ. ಹಳೇ ನಾಟಕದ ಗವಾಯಿ. ಬಳ್ಳಾರಿಯಿಂದ ನಮ್ಮ ಮಡಕಶಿರದವರೆಗೂ ಅವರ ದನಿ ಕೇಳದ ಊರಿರಲಿಲ್ಲ. ಗಾಡಿ ಹತ್ತಿ ಗಂಡನ ಮನೆಗೆ ಹೊರಟ ಗೆಳತಿಯನ್ನು ಕರೆಯುವ ಅವರದೊಂದು ಹಾಡಿತ್ತು. ಜನರ ಬಾಯಲ್ಲಿ ಅದು "ಗಾಡಿ ಪದ". ನಮ್ಮವ್ವ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಅದನ್ನೇ ಗುನುಗುತ್ತಿದ್ದಳು. ನಡುವೆ ಒಮ್ಮೆ ಗವಾಯಿಗೆ ದನಿ ಕಟ್ಟಿಹೋಯಿತಂತೆ. ದನಿ ಮರಳಿ ಬಂದರೆ ಮೂರು ವರ್ಷ ದೇವರ ಪದ ಬಿಟ್ಟು ಬೇರೇನೂ ಹಾಡುವುದಿಲ್ಲ ಎಂದು ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊತ್ತರು. ದನಿ ಬಂತು. ಅದರ ಜೊತೆಗೆ ಉಪದೇಶವೂ ಬಂತು. ಎರಡು ಭಜನೆಯ ನಡುವೆ ಕುಡಿತದ ಮೇಲೆ, ಇಸ್ಪೀಟಿನ ಮೇಲೆ, ಕೊನೆಗೆ ನಾಟಕದ ಮೇಲೂ ಮಾತು. ಆ ಮೂರು ವರ್ಷ ಅವರು ಎಲ್ಲಿ ಹಾಡಿದರೂ ಮಾಸ್ಟ್ರು ಸೆಲ್ ಹಾಕಿದ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಇಟ್ಟು ಕೂರುತ್ತಿದ್ದರು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರಬೇಕು.

ನಾನು ರಾಯದುರ್ಗಕ್ಕೆ ಬಂದ ಒಂಬತ್ತನೇ ತಿಂಗಳು, ಶ್ರಾವಣದ ಒಂದು ಶನಿವಾರ, ನೇಮಕಲ್ಲಿನಲ್ಲಿ ಗವಾಯಿಯ ಭಜನೆ ಇತ್ತು. ಯೂನಿಟ್ಟಿನವರೆಲ್ಲ ಟೆಂಪೋದಲ್ಲಿ ಹೊರಟರು. ಟೆಂಪೋದಲ್ಲಿ ಜನ ಹೆಚ್ಚಾಯಿತು, ಪಲ್ಟಿ ಹೊಡೆದರೆ ಎಂದು ನಾನೊಬ್ಬನೇ ಬಸ್ಸಿನಲ್ಲಿ ಹೋದೆ. ಹೀಗಾಗಿ ನಾನು ಅಲ್ಲಿದ್ದದ್ದು ಯಾರಿಗೂ ಗೊತ್ತಿಲ್ಲ. ಮಾಸ್ಟ್ರ ಹಿಂದೆಯೇ, ಕಂಬದ ಮರೆಯಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು, ಮೈಕು ಸತ್ತಿತು, ಪ್ರಸಾದದ ಊಟದ ಗಂಟೆ ಆಯಿತು. ಜನ ಎದ್ದರು. ಗವಾಯಿ ಹಾರ್ಮೋನಿಯಮ್ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು. ಮೈಕಿಲ್ಲದ ಆ ಮುಖ ನೋಡುತ್ತಿದ್ದಂತೆ ನನಗೆ ಊರು ನೆನಪಾಯಿತು, ಅವ್ವ ನೆನಪಾದಳು, ಸೊಪ್ಪಿನ ವಾಸನೆ ನೆನಪಾಯಿತು. ಬಾಯಿ ಬಿಡುವ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು ನನ್ನ ಅಭ್ಯಾಸ. ಸರಿಮಾಡಿಕೊಂಡೆ. ಆಮೇಲೆ ಕೂಗಿದೆ:

"ಒಂದ್ಸಲ ಗಾಡಿ ಪದ ಯೋಳಣ್ಣೋ."

ಊಟದ ಸಾಲಿನವರೆಗೂ ಕೇಳಿಸಿತು. ಹರಕೆಯ ಗವಾಯಿಗೆ, ದೇವರ ಎದುರಿಗೆ, ಶ್ರಾವಣ ಶನಿವಾರ ನಾಟಕದ ಪದ ಕೇಳಿದವನು ನಾನು. ಗವಾಯಿಯ ಕೈ ಹಾರ್ಮೋನಿಯಮ್ ಮೇಲಿಂದ ಎದ್ದದ್ದಷ್ಟೇ ನೋಡಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿನವರೆಗೂ ಓಡಿದೆ.

ಅದೇ ತಿಂಗಳ ಕೊನೆಗೆ ಗವಾಯಿ ನಾಟಕಕ್ಕೆ ಮರಳಿದರು. ಹರಕೆಯ ಅವಧಿ ಮುಗಿದಿತ್ತು ಎಂದು ಕೆಲವರು. ಇಲ್ಲ, ನೇಮಕಲ್ಲಿನಲ್ಲಿ ಯಾವನೋ ಕೂಗಿದ ಒಂದು ಕೂಗಿಗೆ ಭಜನೆಯ ಮೇಲಿದ್ದ ಅವರ ಮನಸ್ಸೇ ಮುರಿಯಿತು ಎಂದು ಉಳಿದವರು. ಎರಡನೆಯ ಕಥೆಗೆ ವರ್ಷ ವರ್ಷವೂ ಮಾಂಸ ತುಂಬಿಕೊಂಡಿತು.

ಕೆಲವು ವರ್ಷಕ್ಕೆ ಗವಾಯಿ ತೀರಿಕೊಂಡರು. ಅಷ್ಟರಲ್ಲಿ ಸಿ.ಡಿ. ಬಂದಿತ್ತು, ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಭಜನೆಯ ಮೂರು ವರ್ಷದ್ದೆಲ್ಲ ಹೊಸ ಕ್ಯಾಸೆಟ್ಟಿಗೆ ಇಳಿಸಿ, ತಮ್ಮನ್ನೂ ಸೇರಿಸಿ ನಮ್ಮ ಕಟ್ಟೆ ಗುಂಪಿನ ಐವರಿಗೂ ಒಂದೊಂದು ಪೆಟ್ಟಿಗೆ ಮಾಡಿಕೊಡುವುದಾಗಿ ಮಾಸ್ಟ್ರು ಹೇಳಿದರು. ಏನೇನು ಇರಬೇಕು, ಏನೇನು ತೆಗೆಯಬೇಕು ಎಂದು ನಾವೇ ತೀರ್ಮಾನ ಮಾಡಬೇಕಂತೆ. ಅಲ್ಲಿಂದ ಶುರುವಾಯಿತು ನೋಡಿ.

ಪ್ರತಿ ಭಾನುವಾರ ಯೂನಿಟ್ಟಿನ ಮುಂದಿನ ಕಟ್ಟೆಯ ಮೇಲೆ ಟೀ ಕುಡಿಯುತ್ತ ಜಗಳ. ಒಂದು ಕಡೆ ರಿಟೈರಾದ ಬಸ್ ಕಂಡಕ್ಟರಣ್ಣ, ಭಜನೆ ಪಾರ್ಟಿ. ಗವಾಯಿ ಬಾಯಿಂದ ಬಂದ ಒಂದು ಕೆಮ್ಮನ್ನೂ ತೆಗೆಯಬಾರದು ಎಂಬುದು ಅವರ ವಾದ. ಇನ್ನೊಂದು ಕಡೆ ಕಾಜಾ-ಗುಂಡಿ ಕೆಲಸದವನು, ನಾಟಕ ಪಾರ್ಟಿ; ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಲು ಇಸ್ತ್ರಿ ಹುಡುಗ.

"ಆ ಮೂರು ವರ್ಷ ಗವಾಯಿ ಹಾಡಲಿಲ್ರಿ, ಕ್ಲಾಸ್ ತಗೊಂಡ್ರು," ಎನ್ನುವನು ಅವನು. "ಉಪದೇಶ ಬೇಕಾದ್ರ ನನಗ ಮನಿಯಾಗ ಹೆಂಡ್ತಿ ಅದಾಳ."

"ಹಾಡೊಂದೇ ಕೇಳಾಂವ ಊಟದಾಗ ಉಪ್ಪಿನಕಾಯಿ ಒಂದೇ ನೆಕ್ಕಿದಂಗ," ಎನ್ನುವರು ಕಂಡಕ್ಟರಣ್ಣ. "ಅಂಥಾ ಮಹಾನುಭಾವನ ಮನಸ್ಸು ಮುರಿದನಲ್ಲ ಅವ, ನೇಮಕಲ್ಲಾಗ ಕೂಗಿದಾಂವ, ನನ್ನ ಬಸ್ಸಿಗೆ ಹತ್ತಿದ್ರ ನಡು ಅಡವ್ಯಾಗ ಇಳಿಸ್ತಿದ್ದೆ."

"ನನಗ ಸಿಕ್ಕಿದ್ರ ಹಾರ ಹಾಕ್ತಿದ್ದೆ."

ನಾನು ನಡುವೆ ಕೂತು ಟೀ ಕುಡಿಯುತ್ತಿದ್ದೆ. ಪ್ರತಿ ಭಾನುವಾರ ಒಂದೇ ಕಟ್ಟೆಯ ಮೇಲೆ ಬೈಗುಳವೂ ಹಾರವೂ ಬೀಳುತ್ತಿದ್ದ ಮನುಷ್ಯ ಆ ತಾಲೂಕಿನಲ್ಲಿ ನಾನೊಬ್ಬನೇ ಇದ್ದೆ.

ಮಾಸ್ಟ್ರ ಟೇಪು ಅವತ್ತು ನನ್ನ ಮುಂದೆಯೇ ಓಡುತ್ತಿತ್ತು. ಆ ಕೂಗು ಅದರಲ್ಲಿ ಇದ್ದೇ ಇದೆ. ಐದು ಪೆಟ್ಟಿಗೆಯಲ್ಲಿ ಸೇರಿ ಐದು ಮನೆಗೆ ಹೋದರೆ ನನ್ನ ಕಥೆ ಮುಗಿಯಿತು. ಕಂಡಕ್ಟರಣ್ಣ ಮುಖ ತಿರುಗಿಸುವರು ಎಂಬ ಭಯವಲ್ಲ. ಕೆಲಸವಿಲ್ಲದ ನನಗೆ ಮೇಜಿನ ತುದಿಯಲ್ಲಿ ಜಾಗ ಕೊಟ್ಟ ಮಾಸ್ಟ್ರು, ಅವರ ಗವಾಯಿಯ ಮನಸ್ಸು ಮುರಿದವನು ಇವನೇ ಎಂದು ತಿಳಿದರೆ? ಹಾಗಾಗಿ ನಾನು ಕಲೆಯ ಪರವಾಗಿ ಮಾತಾಡತೊಡಗಿದೆ. ಮಾತು ಬಂದರೆ ಭಾವ ಕೆಡುತ್ತದೆ, ಸದ್ದುಗದ್ದಲ ಬಂದರೆ ಶುದ್ಧತೆ ಹೋಗುತ್ತದೆ, ಬರೀ ಹಾಡಿರಬೇಕು, ಮಧ್ಯದ್ದೆಲ್ಲ ತೆಗೆಯಬೇಕು. ಪ್ರತಿ ವಾಕ್ಯಕ್ಕೂ ಎರಡು ಸಲ ಗಂಟಲು ಸರಿಮಾಡಿಕೊಂಡೇ ಹೇಳಿದೆ. ಮಾಸ್ಟ್ರು ನನ್ನನ್ನು ನೋಡುತ್ತಾ ಬೀಡಿ ಹಚ್ಚುತ್ತಿದ್ದರು. ನೇಮಕಲ್ಲಿನ ಕೂಗಿನ ಬಗ್ಗೆ ಯಾರಾದರೂ ಕೆದಕಿದರೆ ಅವರದು ಒಂದೇ ಮಾತು: "ಟೇಪಿನಾಗ ಐತಿ. ಜೀನ್ಸ್ ತೊಳೆದ್ರ ಕುಗ್ತೈತಿ, ನಿಮ್ಮ ಮಾತು ಹಿಗ್ಗಾಕತ್ತೈತಿ."

ಕೊನೆಗೆ ಗುಂಡಿಯವನು, ಇಸ್ತ್ರಿ ಹುಡುಗ, ನಾನು, ಮೂವರೂ ಒಂದಾಗಿ ಗೆದ್ದೆವು. ಬರೀ ಹಾಡು. ಕಂಡಕ್ಟರಣ್ಣ ಆ ವಾರ ಟೀ ಕುಡಿಯಲಿಲ್ಲ. ನಾನು ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಉಂಡೆ.

ಪೆಟ್ಟಿಗೆ ಸಿದ್ಧವಾದ ಭಾನುವಾರ ಮಾಸ್ಟ್ರು ನಮ್ಮನ್ನು ಕಟಿಂಗ್ ಮೇಜಿನ ಸುತ್ತ ಕೂರಿಸಿ ಟೀ ತರಿಸಿದರು. ಪೆಟ್ಟಿಗೆ ಎಂದರೆ, ಒಳಗೆ ರಟ್ಟು ಕೊಟ್ಟು ಜೀನ್ಸ್ ತುಂಡುಗಳಿಂದ ಹೊಲಿದ, ಮಡಚಿಡುವ ಐದು ಚೀಲ. ಬಿಚ್ಚಿದರೆ ಒಳಗೆ ಪ್ಯಾಂಟಿನ ಜೇಬಿನಂಥ ಜೇಬುಗಳು, ಒಂದೊಂದರಲ್ಲಿ ಒಂದೊಂದು ಕ್ಯಾಸೆಟ್ಟು. ಎಣಿಸಿದೆ: ಹನ್ನೊಂದು. ಆದರೆ ಹಿಂಬದಿಯಲ್ಲಿ ಒಂದು ಕಳ್ಳಜೇಬೂ ಇತ್ತು. ಅದರಲ್ಲಿ ಹನ್ನೆರಡನೆಯದು.

"ಇದೇನ್ರಿ?" ಎಂದ ಗುಂಡಿಯವನು.

"ನೀವು ತೆಗೀರಿ ಅಂದ್ರಿ, ತೆಗೆದೆ. ಎಸೀರಿ ಅಂದಿರಲಿಲ್ಲ. ಇದು ತುಂಡು."

ಟೇಪ್ ಹಾಕಿದರು. ಗವಾಯಿ ಬಿಸಿನೀರು ಕೇಳುತ್ತಿದ್ದರು. ಹಾರ್ಮೋನಿಯಮ್ಮಿನ ತಿದಿ ಕಿರುಗುಟ್ಟುತ್ತಿತ್ತು. ಮಗುವೊಂದು ಅತ್ತಿತು, "ಅದರ ಶ್ರುತಿ ನಂದಕಿಂತ ಚಲೋ ಐತಿ, ಅಳಲಿ ಬಿಡ್ರಿ" ಎಂದರು ಗವಾಯಿ. ಇಸ್ಪೀಟಿನ ಮೇಲಿನ ಉಪದೇಶಕ್ಕೆ ಗುಂಡಿಯವನೇ ಮೊದಲು ನಕ್ಕ. ಕಂಡಕ್ಟರಣ್ಣ ಕಣ್ಣೊರೆಸಿಕೊಂಡರು. ಎಲ್ಲರೂ ಸುಖವಾಗಿದ್ದರು. ನಾನು ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕುತ್ತಿದ್ದೆ.

ಆಗ ಬಂತು. ಗಂಟಲು ಸರಿಮಾಡಿಕೊಳ್ಳುವ ಸದ್ದು, ಒಂದು ಸಲ, ಎರಡು ಸಲ. "ಒಂದ್ಸಲ ಗಾಡಿ ಪದ ಯೋಳಣ್ಣೋ."

ನಾನು ಎದ್ದೆ. ಮಾಸ್ಟ್ರು ನನ್ನ ಕಡೆ ನೋಡಲಿಲ್ಲ. ನೀಲಿ ಉಗುರಿನ ಕೈ ಚಾಚಿ ನನ್ನ ಅಂಗಿಯ ತುದಿ ಹಿಡಿದು ಕೆಳಕ್ಕೆ ಎಳೆದರು.

"ಈ ಸಲ ಕುಂದ್ರು," ಎಂದರು ಮೆಲ್ಲಗೆ.

ಕುಳಿತೆ. ಟೇಪಿನಲ್ಲಿ ಓಡಿಹೋಗುವ ಕಾಲಿನ ಸದ್ದೂ ಇತ್ತು. ಅದರ ಹಿಂದೆ ಗವಾಯಿಯ ನಗು.

"ಯಾರಪ್ಪಾ ಅದು, ಮಡಕಶಿರ ಕಡೆ ದನಿ? ಓಡಬ್ಯಾಡೋ... ಹೋದ. ಮೂರು ವರ್ಷ ಆತು, ಆ ಪದ ಯಾರಾರ ಕೇಳ್ಯಾರೇನು ಅಂತ ನಾನೂ ಕಾಯಾಕತ್ತಿದ್ದೆ. ನಾನಾಗೇ ಹಾಡಿದ್ರ ಹರಕಿ ಮುರಿದಂಗ ಆಕ್ಕೈತಿ. ಕೇಳಿದವರಿಗೆ ಇಲ್ಲ ಅಂದ್ರ ದೇವರು ಮೆಚ್ಚೋದಿಲ್ಲ. ಹನುಮಪ್ಪಾ, ಒಂದೇ ಒಂದು, ನೀನೂ ಕೇಳು."

ಆಮೇಲೆ ಗಾಡಿ ಪದ. ಮೈಕಿಲ್ಲದೆ, ಮುಂದೆ ಉಳಿದಿದ್ದ ನಾಲ್ಕು ಜನಕ್ಕೆ, ಪೂರ್ತಿ. ಊಟದ ಸಾಲಿನ ಗಲಾಟೆ ದೂರದಲ್ಲಿ ಕೇಳುತ್ತಿತ್ತು. ನಾನು ಕೇಳಿದ ಹಾಡನ್ನು ನನಗೋಸ್ಕರವೇ ಅವರು ಹಾಡಿದ್ದರು, ಮತ್ತು ಅಷ್ಟು ಹೊತ್ತಿಗೆ ನಾನು ಬಸ್ಸಿನ ಕಿಟಕಿಯ ಪಕ್ಕ ಕೂತು, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ ಎಂದು ಹಿಂದೆ ನೋಡುತ್ತಿದ್ದೆ.

ಹಾಡು ಮುಗಿಯಿತು. ಏನಾದರೂ ಹೇಳಬೇಕು ಎನ್ನಿಸಿತು ನನಗೆ. ಗಂಟಲು ಸರಿಮಾಡಿಕೊಂಡೆ, ಒಂದು ಸಲ, ಎರಡು ಸಲ.

ಎಲ್ಲರ ತಲೆಯೂ ಒಟ್ಟಿಗೆ ನನ್ನ ಕಡೆ ತಿರುಗಿತು.

ಕಂಡಕ್ಟರಣ್ಣನ ಬಾಯಿ ತೆರೆದುಕೊಂಡಿತು. "ಎಲಾ ಮಗನ," ಎಂದರು ಕೊನೆಗೆ, "ಇಷ್ಟು ವಾರ ನನ್ನ ಕೈಲೇ ಬೈಸ್ಕೊಂಡು, ನನ್ನ ಪಕ್ಕದಾಗೇ ಕುಂತು ಟೀ ಕುಡಿದ್ಯಲ್ಲೋ." ಗುಂಡಿಯವನು ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಾಸ್ಟ್ರ ಕೊರಳಿನಿಂದ ಅಳತೆಯ ಟೇಪು ತೆಗೆದು ನನಗೆ ಹಾರ ಹಾಕಿದ. ಕಂಡಕ್ಟರಣ್ಣನೂ ನಕ್ಕರು, ಆದರೆ ಅರ್ಧ ಟೀಯನ್ನು ನನ್ನ ಲೋಟದಿಂದ ತಮ್ಮ ಲೋಟಕ್ಕೆ ಬಗ್ಗಿಸಿಕೊಂಡ ಮೇಲೆ.

ಎಲ್ಲರೂ ಹೋದ ಮೇಲೆ ಮಾಸ್ಟ್ರನ್ನು ಕೇಳಿದೆ: "ನಾನೇ ಅಂತ ಯಾವಾಗ್ಲಿಂದ ಗೊತ್ತಿತ್ತು?"

"ಅವತ್ತೇ ಸಂಜಿ ಟೇಪ್ ತಿರುಗಿಸಿ ಕೇಳಿದೆ. ಕೂಗೋಕ ಮುಂಚೆ ಎರಡು ಸಲ ಪರ್ಮಿಷನ್ ಕೇಳೋ ಗಂಟಲು ನನ್ನ ಮೇಜಿನ ತುದೀಗೇ ಐತಲ್ಲಪಾ."

"ಅವಾಗ್ಲೇ ಯೋಳಬಾರದಾಗಿತ್ತಾ ಮಾಸ್ಟ್ರೆ? ಇಷ್ಟು ವರ್ಸ ನಾನು..."

"ನೀ ಕೇಳಲಿಲ್ಲ," ಎಂದರು. ಸೀಮೆಸುಣ್ಣ ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, "ಕೇಳ್ತೀಯೇನೋ ಅಂತ ನಾನೂ ಕಾಯಾಕತ್ತಿದ್ದೆ," ಎಂದರು.

ಆಮೇಲೆ ನಾನು ಮಡಕಶಿರಕ್ಕೆ ಮರಳಿ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಸಣ್ಣ ಅಂಗಡಿ ಇಟ್ಟೆ. ಈಗಲೂ ಗೆರೆ ಎಳೆದ ಮೇಲೆ ಒಂದು ಲೋಟ ನೀರು ಕುಡಿದು ಬಂದು, ಆಚೆ ಬದಿಯಿಂದ ನೋಡಿಯೇ ಕತ್ತರಿ ಹಾಕುತ್ತೇನೆ. ಇದನ್ನು ನೋಡಿ ನನ್ನ ಹೆಂಡತಿ ಇದು ಭಯ ಎನ್ನುತ್ತಾಳೆ. ನಾನು ಇದು ವಿದ್ಯೆ ಎನ್ನುತ್ತೇನೆ. ಬಹುಶಃ ಇಬ್ಬರದೂ ಸರಿ. ಉಳಿದ ತುಂಡುಗಳ ಚೀಲ ಮೂಲೆಯಲ್ಲಿದೆ.

ಹೋದ ವರ್ಷ ಮಾಸ್ಟ್ರು ಹೋದರು. ಮಲಗಿ ನರಳಲಿಲ್ಲ, ಊಟ ಮಾಡಿ, ಕೈತೊಳೆದು, ಕುರ್ಚಿಯಲ್ಲಿ ಕೂತವರು ಹಾಗೇ. ಹನ್ನೊಂದನೇ ದಿನದ ಕಾರ್ಯಕ್ಕೆ ರಾಯದುರ್ಗಕ್ಕೆ ಹೋಗಿದ್ದೆ. ಊಟವಾದ ಮೇಲೆ, ಕೋಲು ಹಿಡಿದು ಬಂದಿದ್ದ ಕಂಡಕ್ಟರಣ್ಣ, ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ತರಿಸಿ ಕಳ್ಳಜೇಬಿನ ಕ್ಯಾಸೆಟ್ಟು ಹಾಕಿಸಿದರು. ನನ್ನ ಬಸ್ಸು ನಾಲ್ಕಕ್ಕಿತ್ತು. ಮೂರೂವರೆಗೇ ನನ್ನ ಕಣ್ಣು ಗೋಡೆ ಗಡಿಯಾರಕ್ಕೆ ಹೋಗಿತ್ತು, ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಎಂದೂ ನೋಡಿಟ್ಟುಕೊಂಡಿದ್ದೆ. ಬಿಸಿನೀರು ಬಂತು, ಮಗು ಬಂತು, ಇಸ್ಪೀಟು ಬಂತು, ನನ್ನ ಗಂಟಲು ಬಂತು. ಅಂಗಿಯ ತುದಿ ಎಳೆಯಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಗಾಡಿ ಪದ ಮುಗಿಯುವವರೆಗೂ ಕುಂತಿದ್ದೆ. ಬಸ್ಸು ಹೋಯಿತು. ಹೋಗಲಿ ಬಿಡು ಎಂದು ನನಗೆ ಅನ್ನಿಸಿದ್ದು ಈ ಜನ್ಮದಲ್ಲಿ ಅದೇ ಮೊದಲು.