ಕಲ್ಲು ಒಣಗಿದೆ, ಕಿವಿ ಒಪ್ಪುತ್ತಿಲ್ಲ

ಬೆಳಗಿನ ಐದೂ ಮುಕ್ಕಾಲು. ಹಾರ್ಕರ್ ಫೋರ್ಸ್ ಜಲಪಾತದ ಗೇಟಿನ ಬಳಿ ಮೇವಿಸ್ ಆಲ್ಡರ್ಸನ್ ಮಂಡಿಯೂರಿ ಕುಳಿತು ಕಲ್ಲುಗೋಡೆಯ ಬುಡ ನೋಡುತ್ತಿದ್ದಾರೆ. ಹೊಳೆಗೆ ಇಳಿದಿರುವ ಆ ಗೋಡೆಯ ತುದಿಯಲ್ಲಿ ಬಿಳಿ ಗೀರಿನ ಒಂದು ಕಲ್ಲಿದೆ. ನೀರು ಅದನ್ನು ಮುಟ್ಟಿದರೆ ಗೇಟಿಗೆ ಬೀಗ, ಮುಟ್ಟದಿದ್ದರೆ ಗೇಟು ತೆರೆಯಬೇಕು. ಮೂವತ್ತೊಂದು ವರ್ಷದಿಂದ ಇದೇ ಲೆಕ್ಕ. ಇಂದು ಕಲ್ಲು ಒಣಗಿದೆ, ನೀರು ಅದಕ್ಕಿಂತ ನಾಲ್ಕು ಬೆರಳು ಕೆಳಗಿದೆ. ಮೇವಿಸ್ ಕಣ್ಣು ಮುಚ್ಚಿ ಜಲಪಾತದ ಸದ್ದು ಕೇಳುತ್ತಾರೆ. ಗೇಟು ಮುಚ್ಚಬೇಕಾದ ದಿನಗಳ ಸದ್ದು ಅದು.

ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು ಅವರು ಐದು ನಿಮಿಷ ಹಾಗೇ ನಿಲ್ಲುತ್ತಾರೆ. "ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ. ಕಲ್ಲಂತೂ ಸುಳ್ಳು ಹೇಳಲ್ಲ. ಇನ್ನು ಉಳಿದವಳು ನಾನೇ ತಾನೆ?" ಎನ್ನುತ್ತಾರೆ.

ಗೇಟಿನಾಚೆ ಬಂಡೆ ಕೊರೆದ ಒಂದೂವರೆ ಅಡಿ ಅಗಲದ ಹಾದಿಯಿದೆ. ಧುಮುಕುವ ನೀರಿನ ಹಿಂಬದಿಯಿಂದ ಸಾಗಿ ಅದು ಆಚೆ ದಡ ಸೇರುತ್ತದೆ. ಕಣಿವೆಯಲ್ಲಿ ಇನ್ನೂ ಮೂರು ಜಲಪಾತಗಳಿದ್ದರೂ ಜನ ಬರುವುದು ಈ ಹಾದಿಗೆ, ನೀರಿನ ಬೆನ್ನು ನೋಡುವುದಕ್ಕೆ. ಬಿಸಿಲಿನ ಭಾನುವಾರ ಮುನ್ನೂರು ಮಂದಿ ದಾಟುತ್ತಾರೆ. ಹೊಳೆ ಏರಿದರೆ ಹಾದಿಯ ನಡುಭಾಗ ಮೊದಲು ಮುಳುಗುತ್ತದೆ. ಗೇಟಿನಿಂದ ಅದು ಕಾಣುವುದಿಲ್ಲ.

ಅರವತ್ತೇಳರ ಮೇವಿಸ್ ದಿನವೂ ನಾಲ್ಕೂವರೆ ಮೈಲಿ ನಡೆಯುತ್ತಾರೆ. ನೂರ ಇಪ್ಪತ್ತೆಂಟು ಮೆಟ್ಟಿಲುಗಳ ಮೇಲಿನ ಎಲೆ ಗುಡಿಸುತ್ತಾರೆ, ಪಾಚಿ ಉಜ್ಜುತ್ತಾರೆ, ನಾಲ್ಕು ಕಾಲುಸೇತುವೆಗಳ ಹಲಗೆಗಳನ್ನು ಒಂದೊಂದಾಗಿ ತುಳಿದು ಪರೀಕ್ಷಿಸುತ್ತಾರೆ, ಒಂದು ಚೀಲ ಕಸ ಹೊರುತ್ತಾರೆ. ಬೆಟ್ಟದ ಮೇಲಿನ ಕುರಿ ಸಾಕಣೆ ಅಣ್ಣನ ಪಾಲಾದಾಗ ಆರು ತಿಂಗಳ ಮಟ್ಟಿಗೆಂದು ಹಿಡಿದ ಕೆಲಸ ಇದು. ಕಲ್ಲನ್ನು ತೋರಿಸಿಕೊಟ್ಟವರು ಹಿಂದಿನ ಕಾವಲುಗಾರ ಅರ್ನೆಸ್ಟ್. "'ಕಿವಿ ಗಾಳಿಗೆ ಮೋಸಹೋಗುತ್ತೆ ಕಣಮ್ಮ, ಕಲ್ಲು ನೋಡು' ಅಂದಿದ್ರು. ಅದನ್ನ ಬಿಟ್ಟು ಬೇರೇನೂ ಕಲಿಸ್ಲಿಲ್ಲ."

ಒಮ್ಮೆ ರಜೆ ಹಾಕಿ ಪಕ್ಕದ ಕಣಿವೆಯ ಜಲಪಾತ ನೋಡಲು ಹೋಗಿದ್ದರಂತೆ. ಹೇಗಿತ್ತು ಎಂದು ಕೇಳಿದರೆ ಮುಜುಗರಪಡುತ್ತಾರೆ. "ತಲೆ ಎತ್ತಿ ನೋಡಿದ್ರೆ ತಾನೆ! ದಡದ ಗೋಡೆ ನೋಡ್ಕೊಂಡೇ ಬಂದುಬಿಟ್ಟೆ."

ಗೊಂದಲ ಶುರುವಾದದ್ದು ಈ ಈಸ್ಟರ್‌ಗೆ. ಚಳಿಗಾಲವಿಡೀ ಗೇಟು ಮುಚ್ಚಿರುತ್ತದೆ. ಈ ಸಲ ಮೇವಿಸ್‌ಗೆ ನ್ಯುಮೋನಿಯಾ ಆಗಿ, ಫೆಬ್ರುವರಿಯಿಂದ ಐದು ವಾರ ತಂಗಿ ಬೆರಿಲ್ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಮರಳಿ ಬಂದು ಗೇಟು ತೆರೆದ ದಿನದಿಂದ ಕಲ್ಲು ಒಂದು ಹೇಳಿದರೆ ಸದ್ದು ಇನ್ನೊಂದು ಹೇಳುತ್ತಿದೆ. ಕಿವಿ ಪರೀಕ್ಷೆ ಮಾಡಿಸಿದರು. ವಯಸ್ಸಿಗೆ ಚೆನ್ನಾಗಿಯೇ ಇದೆ ಎಂದರು ಡಾಕ್ಟರು. ಮೇವಿಸ್ ಇನ್ನಷ್ಟು ಹೆದರಿದರು. ಕಿವಿ ಸರಿಯಿದ್ದರೆ ಕೆಟ್ಟಿರುವುದು ತಲೆ. ಅವರ ತಾಯಿಗೂ ಇದೇ ವಯಸ್ಸಿನಲ್ಲಿ ಮರೆವು ಶುರುವಾಗಿತ್ತು. ಇಲ್ಲದ ನಾಯಿಗೆ ಊಟ ಇಡುತ್ತಿದ್ದರು.

ಎರಡು ವಾರದ ಹಿಂದೆ, ಕಲ್ಲು ಒಣಗಿದ್ದ ದಿನವೇ, ಲೀಡ್ಸ್‌ನಿಂದ ಬಂದ ಒಬ್ಬ ಪ್ರವಾಸಿ ಸೊಂಟದವರೆಗೆ ಒದ್ದೆಯಾಗಿ, ಒಂದು ಶೂ ಕಳೆದುಕೊಂಡು ಆಚೆ ದಡಕ್ಕೆ ಬಂದ. ಅವನು ನಗುತ್ತಿದ್ದ. ಮೇವಿಸ್‌ಗೆ ಆ ರಾತ್ರಿ ನಿದ್ದೆ ಬರಲಿಲ್ಲ. ತಿಂಗಳ ಕೊನೆಗೆ ಬೀಗದ ಕೈ ಒಪ್ಪಿಸಿಬಿಡುತ್ತೇನೆ ಎಂದು ಬೆರಿಲ್‌ಗೆ ಹೇಳಿದ್ದಾರೆ. ತಿಂಗಳು ಮುಗಿಯಲು ಇನ್ನು ನಾಲ್ಕು ದಿನ.

ಇಂದು ಮೇವಿಸ್ ಗೇಟು ತೆರೆಯುವುದಿಲ್ಲ. ಅರ್ನೆಸ್ಟ್ ಹೇಳಿದ್ದಕ್ಕೆ ವಿರುದ್ಧವಾಗಿ ನಡೆದದ್ದು ಇದೇ ಮೊದಲು. ಒಂಬತ್ತರ ಹೊತ್ತಿಗೆ ಎಳೆಬಿಸಿಲಲ್ಲಿ ಹತ್ತಿಪ್ಪತ್ತು ಜನ ಸೇರಿದ್ದಾರೆ. ಹಳದಿ ಕೋಟಿನ ಹೆಂಗಸೊಬ್ಬಳು ಬೀಗ ಅಲ್ಲಾಡಿಸುತ್ತಾಳೆ.

"ಮಳೆಯಿಲ್ಲ, ಏನಿಲ್ಲ. ಯಾಕ್ರೀ ಮುಚ್ಚಿದ್ದೀರಾ?"

"ನಂಗೂ ಗೊತ್ತಿಲ್ಲ, ಬಂಗಾರ."

"ಗೊತ್ತಿಲ್ದೇ ಮುಚ್ಚಿದ್ದೀರಾ?"

"ಗೊತ್ತಿಲ್ಲ ಅಂತಲೇ ಮುಚ್ಚಿದ್ದು."

ಹೆಂಗಸು ಗಂಡನ ಮುಖ ನೋಡುತ್ತಾಳೆ. ಗಂಡ ಮೇವಿಸ್‌ರನ್ನು ಕನಿಕರದಿಂದ ನೋಡುತ್ತಾನೆ. ಆ ನೋಟ ಮೇವಿಸ್‌ಗೆ ಪರಿಚಿತ. ತಾಯಿಯನ್ನು ಜನ ನೋಡುತ್ತಿದ್ದುದು ಹಾಗೆಯೇ.

ಹತ್ತೂವರೆಗೆ ನಾರ್ಮನ್ ಫಾಸೆಟ್ ಬರುತ್ತಾರೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುವವರು, ಎಪ್ಪತ್ತೆರಡು ವಯಸ್ಸು, ಮೇವಿಸ್‌ರ ಶಾಲೆಯವರೇ. ಮೇಲಿನ ಹೊಲದಲ್ಲಿ ಕೆಲಸವಿದ್ದರೆ ಚಹಾ ಕುಡಿಯಲು ಇಲ್ಲಿಗೆ ಇಳಿಯುತ್ತಾರೆ. ಇಂದು ಫ್ಲಾಸ್ಕು ಬಿಚ್ಚಿ, ಗೋಡೆಗೆ ಒರಗಿ, ತುಂಟನಗೆ ನಗುತ್ತಾರೆ.

"ಏನೇ ಮೇವಿಸ್, ಒಂದು ತಿಂಗಳಿಂದ ಕಾಯ್ತಿದ್ದೀನಿ. ಇನ್ನೂ ಗೊತ್ತಾಗ್ಲಿಲ್ವಾ ನಿಂಗೆ?"

"ಏನು ಗೊತ್ತಾಗ್ಬೇಕಿತ್ತು?"

"ಈ ಗೋಡೆಯಲ್ಲಿ ಎಲ್ಲಿಂದ ಎಲ್ಲೀವರೆಗೆ ನಾನು ಕಟ್ಟಿದ್ದು ಹೇಳು ನೋಡೋಣ."

ಮೇವಿಸ್ ಗೋಡೆ ನೋಡುತ್ತಾರೆ. ಅವೇ ಕಲ್ಲುಗಳು, ಅದೇ ಪಾಚಿ. "ನೀನೆಲ್ಲಿ ಕಟ್ಟಿದ್ಯೋ? ಇದು ಬಿದ್ದೇ ಇಲ್ವಲ್ಲ."

ನಾರ್ಮನ್ ತೊಡೆ ತಟ್ಟಿ ನಗುತ್ತಾರೆ. ಫೆಬ್ರುವರಿಯ ನೆರೆಗೆ ಹೊಳೆಬದಿಯ ಎಂಟು ಗಜ ಗೋಡೆ ಕುಸಿದಿತ್ತು. ಚಳಿಗಾಲದಲ್ಲಿ ಅಲ್ಲೊಂದು ಇಲ್ಲೊಂದು ಗೋಡೆ ಬೀಳುವುದು ಈ ಕಡೆ ಸುದ್ದಿಯೇ ಅಲ್ಲ, ಯಾರೂ ಮೇವಿಸ್‌ಗೆ ಹೇಳಲಿಲ್ಲ. ನಾರ್ಮನ್ ಹಳೆಯ ಕಲ್ಲುಗಳನ್ನೇ ಆರಿಸಿ, ಪಾಚಿಯ ಮುಖ ಹೊರಗೆ ಮಾಡಿ ಕಟ್ಟಿದರು. ದುರಸ್ತಿ ಕಾಣಿಸಿದರೆ ಗೋಡೆಯವನಿಗೆ ಅವಮಾನ ಎಂದು ನಂಬಿದ ಮನುಷ್ಯ.

"ಬುಡ ಪೂರಾ ಕೊಚ್ಚಿಹೋಗಿತ್ತು ಕಣೇ. ಈ ಸಲ ಭದ್ರ ಇರ್ಲಿ ಅಂತ ಅಡಿಯಲ್ಲಿ ದಪ್ಪ ಕಲ್ಲು ಕೊಟ್ಟಿದ್ದೀನಿ. ಒಂದು ಸಾಲು ಜಾಸ್ತಿ."

ಮೇವಿಸ್ ಚಹಾದ ಲೋಟ ಕೆಳಗಿಡುತ್ತಾರೆ. "ಬಿಳಿ ಗೀರಿನ ಕಲ್ಲು?"

"ಅದರ ಜಾಗದಲ್ಲೇ ಇದೆಯಲ್ಲ. ಒಂದು ಗೇಣು ಮೇಲೆ, ಅಷ್ಟೇ. ಯಾಕೆ?"

ಮೇವಿಸ್ ಹೊಳೆಯತ್ತ ತಿರುಗುತ್ತಾರೆ. ಗೋಡೆಯ ಪಕ್ಕ ಇಳಿದು, ಬೂಟಿನ ಕಾಲನ್ನು ಕಲ್ಲಿನ ಪಕ್ಕಕ್ಕಿಟ್ಟು ನೋಡುತ್ತಾರೆ. ಕಣಕಾಲಿಗೆ ಬರುತ್ತಿದ್ದ ಗೀರು ಈಗ ಮೀನಖಂಡದ ಮಟ್ಟಕ್ಕಿದೆ. ಅದನ್ನು ದಿನವೂ ನೋಡಿದ್ದಾರೆ, ನೀರನ್ನು ಅದರಿಂದ ಅಳೆದಿದ್ದಾರೆ. ಕಲ್ಲನ್ನೇ ಅಳೆಯಬೇಕೆಂದು ಹೊಳೆದಿರಲಿಲ್ಲ.

"ನೀನು ನನ್ನ ಹುಚ್ಚಿ ಮಾಡಿಬಿಟ್ಟಿದ್ದೆ ಕಣೋ, ಹಾಳಾದವನೇ!"

ವಿಷಯ ತಿಳಿದು ನಾರ್ಮನ್‌ರ ನಗು ಇಳಿಯುತ್ತದೆ. ಶೂ ಕಳೆದುಕೊಂಡವನ ಕತೆ ಕೇಳಿ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಕಲ್ಲು ಕಿತ್ತು ಕೆಳಗಿಡೋಣವೆಂದರೆ ಅದರ ಮೇಲಿನ ಗೋಡೆಯೆಲ್ಲ ಕುಸಿಯುತ್ತದೆ. ಕೊನೆಗೆ ಚೀಲದಿಂದ ಉಳಿ ಸುತ್ತಿಗೆ ತೆಗೆದು, ಮೇವಿಸ್ ಬೂಟು ಇಟ್ಟು ತೋರಿಸಿದ ಎತ್ತರದಲ್ಲಿ, ನೀರೊಳಗೆ ಕೈ ಹಾಕಿ ಹೊಸ ಗೀರು ಕೊರೆಯಲು ಕೂರುತ್ತಾರೆ.

"ನನ್ನ ಗೋಡೆ ಮೇಲೆ ಗಾಯ. ನೋಡಿದವರು ಏನಂತಾರೋ."

"ಆಳವಾಗಿ ಕೊರಿ. ನನ್ನ ನಂತರ ಬರೋರಿಗೂ ಕಾಣ್ಲಿ. ಆಮೇಲೆ ಬೆರಿಲ್‌ಗೆ ಫೋನ್ ಮಾಡಿ ನನ್ನ ತಲೆ ನೆಟ್ಟಗಿದೆ ಅಂತ ನೀನೇ ಹೇಳು. ನಾನು ಹೇಳಿದ್ರೆ ನಂಬಲ್ಲ."

ಹೊಸ ಗೀರಿನ ಮೇಲೆ ನೀರು ಎಂಟು ಬೆರಳು ಹರಿಯುತ್ತಿದೆ. ರಾತ್ರಿ ಬೆಟ್ಟದಾಚೆಯ ಜೌಗಿನಲ್ಲಿ ಮಳೆ ಸುರಿದಿರಬೇಕು.

ಮೇವಿಸ್ ಬೀಗದ ಕೈಯನ್ನು ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕಿಕೊಳ್ಳುತ್ತಾರೆ. ಮೆಟ್ಟಿಲಿಳಿದು ಬಂದ ಹೊಸ ಗುಂಪೊಂದು ಬೀಗ ನೋಡಿ ಗೊಣಗುತ್ತಿದೆ. ಯಾಕೆ ಮುಚ್ಚಿದೆ ಎಂದು ಒಬ್ಬರು ಕೇಳುತ್ತಾರೆ.

"ನೀರು ಜಾಸ್ತಿ ಇದೆ, ಬಂಗಾರ," ಎನ್ನುತ್ತಾರೆ ಮೇವಿಸ್. "ನೀರೇ ಜಾಸ್ತಿ ಇರೋದು. ಬೇರೇನಿಲ್ಲ."