ಗಾಡಿ ಹೊಂಟ ಮ್ಯಾಲೆ ಬಿಚ್ಚಿದ ಬುತ್ತಿ

೧೯೩೮ರ ದೀಪಾವಳಿ ಅದು. ಆಗ ನನಗ ಹದಿನಾಲ್ಕು. ಮೀಸಿ ಬಂದದ ಅಂತ ನಾ ಹೇಳ್ತಿದ್ದೆ, ಕನ್ನಡಿ ಒಪ್ತಿರಲಿಲ್ಲ. ಮೊದಲ ಒಂದು ಮಾತು ಹೇಳಿಬಿಡ್ತೀನಿ. ಶಾಳೆಯೊಳಗ ನನ್ನ ಹೆಸರು ಹಿಗ್ಗಿಸೋ ವೆಂಕ್ಯಾ. ಗೋಡಿ ಮ್ಯಾಲೆ ಹಲ್ಲಿ ಕಂಡ್ರ ಮುಠಾ ನದಿಯೊಳಗ ಮೊಸಳಿ ಕಂಡೆ ಅಂತ ಹೇಳೋ ಪೈಕಿ ನಾ. ಆದ್ರ ಈಗ ಹೇಳೋದ್ರಾಗ ಹಲ್ಲಿ ಇದ್ದಲ್ಲೆ ಹಲ್ಲಿನ ಇಟ್ಟೀನಿ. ಒಂದೆರಡು ಕಡೆ ಬಾಲಾ ಉದ್ದ ಆಗಿದ್ರ ಹೊಟ್ಟಿಗೆ ಹಾಕ್ಕೋರಿ.

ನಮ್ಮ ಮನಿ ಪುಣೆ ಪೇಟಿಯೊಳಗ, ನಡುವ ಅಂಗಳ ಸುತ್ತ ಬಿಡಾರ ಇರೋ ಒಂದು ಹಳೇ ವಾಡೆದಾಗ. ಅಪ್ಪ ಧಾರವಾಡದಿಂದ ಬಂದು ಕ್ಯಾಂಪಿನ ಒಂದು ಕಚೇರಿಯೊಳಗ ಕಾರಕೂನ ಆಗ್ಯಾನ. ಅಂಗಳದಾಗ ಮರಾಠಿ, ಪಡಸಾಲಿಯೊಳಗ ಕನ್ನಡ, ಅಡಿಗಿಮನ್ಯಾಗ ಅಜ್ಜಿಯ ರಾಜ್ಯ. ಅಜ್ಜಿಯ ಮಡಿ ಎಂಥಾದ್ದಂದ್ರ, ಒಣಗಹಾಕಿದ ಸೀರಿ ಮ್ಯಾಲೆ ಕಾಗಿ ಕೂತ್ರ ಸೀರಿ ಜೋಡಿ ಕಾಗಿಗೂ ಸ್ನಾನಾ ಮಾಡಸ್ತಿದ್ಲು. ಕಾಗಿ ಕೈಗೆ ಸಿಗ್ತಿದ್ದಿಲ್ಲ, ಅಷ್ಟ.

ರಾಘು ಕಾಕಾ ಅಂದ್ರ ಅಪ್ಪನ ತಮ್ಮ. ಮುಂಬೈದಿಂದ ವಿಲಾಯತಿಗೆ ಹೋಗೋ ಹಡಗಿನ್ಯಾಗ ಕಾರಕೂನಕಿ ಹಿಡಿದು ನಾಲ್ಕು ವರ್ಷ ಆಗಿತ್ತು. ಆ ದೀಪಾವಳಿಗೆ ಮೊದಲನೇ ಸಲ ರಜಾ ಸಿಕ್ಕು ಬಂದ. ಟಾಂಗಾ ನಿಂದ್ರೂದ್ರಾಗ ಜಿಗದು, 'ಅವ್ವಾ' ಅಂತ ಒಳಗ ಓಡಿದ. ಅಜ್ಜಿ ಅಡಿಗಿಮನಿ ಬಾಗಲದಾಗ ಅಡ್ಡ ನಿಂತಿದ್ಲು.

"ಅಲ್ಲೇ ನಿಂದ್ರು ರಾಘ್ಯಾ. ಸಮುದ್ರ ದಾಟಿ ಬಂದೀಯಲ್ಲ."

ಪ್ರಾಯಶ್ಚಿತ್ತ ಮಾಡ್ಕೊಳ್ಳೋತನಕ ಅವ ಅಡಿಗಿಮನಿ ಹೊಸ್ತಿಲ ದಾಟೂಹಂಗಿಲ್ಲ, ಪಂಕ್ತಿಗೆ ಕೂಡೂಹಂಗಿಲ್ಲ, ಅಕಿ ಕೈಲೆ ಬಡಿಸಿಕೊಳ್ಳೂಹಂಗಿಲ್ಲ. ಅಪ್ಪ ಮೆಲ್ಲಗ, ಈಗ ಕಾಲ ಬದಲಾಗೇದ ಅವ್ವಾ ಅಂದ. ಕಾಲ ಹೊರಗ ಬದಲಾಗ್ಲಿ, ಒಲಿ ಮುಂದ ಬ್ಯಾಡ ಅಂತ ಅಜ್ಜಿ ಉತ್ತರಾ ಕೊಟ್ಲು. ಹಟದಾಗ ಕಾಕಾನೂ ಅಕಿ ಹೊಟ್ಟ್ಯಾಗ ಹುಟ್ಟಿದವನ. ದುಡ್ಯಾಕ ಹೋಗಿದ್ದೆ, ಪಾಪ ಮಾಡಾಕ ಹೋಗಿದ್ದಿಲ್ಲ, ಪ್ರಾಯಶ್ಚಿತ್ತ ಅಂದ್ರ ತಪ್ಪು ಒಪ್ಪಿಕೊಂಡಂಗ ಆಗ್ತದ ಅಂದವನ ಪಡಸಾಲಿಯೊಳಗ ಹಾಸಗಿ ಬಿಚ್ಚಿದ.

ಅವ ಬಂದಿದ್ದ ಒಂದು ತುತ್ತಿನ ಸಲುವಾಗಿ. ಅಪ್ಪ, ಕಾಕಾ ಸಣ್ಣವರಿದ್ದಾಗ ಅಜ್ಜಿ ಹುಡುಗ್ರನ್ನ ಸುತ್ತ ಕೂಡಿಸಿಕೊಂಡು ಮೊಸರನ್ನಕ್ಕ ಮೆಂತ್ಯದ ಹಿಟ್ಟು ಕಲಿಸಿ ಒಬ್ಬೊಬ್ಬರ ಕೈಯಾಗ ತುತ್ತು ಇಡ್ತಿದ್ಲಂತ. ಕಾಕಾ ಮೀಸಿ ಬಂದ ಮ್ಯಾಲೂ ಆ ಸುತ್ತಿನ್ಯಾಗ ತುರುಕಿಕೊಂಡು ಕೂಡ್ತಿದ್ದನಂತ. ಬಂದ ದಿನಾನ ನನ್ನ ಮುಂದ ಹೇಳಿದ, "ಎಲ್ಲಾ ಬಂದರದಾಗೂ ಊಟಾ ಸಿಗತದೋ ವೆಂಕ್ಯಾ. ನಾಲ್ಕು ವರ್ಷ ಹೊಟ್ಟಿ ತುಂಬೇದ, ಕೈ ಮಾತ್ರ ಖಾಲಿ ಉಳದದ."

ಈಗ ಅದ ಕೈತುತ್ತು ಹತ್ತು ಹೆಜ್ಜಿ ದೂರ ಇತ್ತು, ನಡುವ ಒಂದು ಹೊಸ್ತಿಲ. ಕಾಕಾ ದಾಟಿದ್ದ ಎಲ್ಲಾ ಸಮುದ್ರಕಿಂತ ಅದ ದೊಡ್ಡದಾತು. ಆ ಸಮುದ್ರದಾಗ ಹಡಗ ಯಾರು ಅಂದ್ರ ನಾ. ಅಜ್ಜಿ ಒಳಗ ಪತ್ರಾವಳಿ ಮ್ಯಾಲೆ ಹಾಕಿದ್ದನ್ನ ಹೊತ್ತು ಹೊರಗ ಒಯ್ಯೂದು, ಹೊರಗಿನ ಮಾತು ಹೊತ್ತು ಒಳಗ ತರೂದು. ಹಾದಿಯೊಳಗ ಒಂದೆರಡು ಚಕ್ಲಿ ಸುಂಕ ಅಂತ ಹಡಗ ತಿಂದಿದ್ದು ಖರೆ.

ಸಂಜಿ ಆತಂದ್ರ ಕಾಕಾ ಪಡಸಾಲಿ ಕಂಬಕ್ಕ ಆನಿಕೊಂಡು ತಾ ಕಂಡ ದೇಶದ ಕಥಿ ಹೇಳ್ತಿದ್ದ. ವಾಡೆದ ಮಂದಿ ಎಲ್ಲಾ ಬಂದು ಕೂಡ್ತಿತ್ತು. ಏಡನ್ ಅಂದ್ರ ಬಿಜಾಪುರದ ಬ್ಯಾಸಗಿಗೆ ಉಪ್ಪು ಹಚ್ಚಿ ಒಣಗಿಸಿದಂಗಂತ. ಪೋರ್ಟ್ ಸೈದದಾಗ ಒಬ್ಬ ಜಾದೂಗಾರ ಹಡಗ ಹತ್ತಿ ಬಂದು ಕಾಕಾನ ಕಿಸೆದಾಗಿಂದ ಜೀವಂತ ಕೋಳಿಮರಿ ತಗದು ಇನಾಮು ಕೇಳಿದನಂತ. ಲಂಡನ್ನಿನ ಮಂಜಿನ್ಯಾಗ ಕಾಕಾ ಒಂದು ಕಂಬಕ್ಕ ನಮಸ್ಕಾರ ಮಾಡಿ ಹಾದಿ ಕೇಳಿದ್ದನಂತ. ಮರುದಿನ ನಾ ಅವನ್ನೆಲ್ಲಾ ಶಾಳೆಯೊಳಗ ನಂದ ಅಂತ ಹೇಳಿ ಮುಗಸ್ತಿದ್ದೆ. ಒಂದು ಕೋಳಿಮರಿ ಹತ್ತಾತು. ಕಂಬ ತಿರುಗಿ ನಮಸ್ಕಾರ ಮಾಡಿತು. ಕೋಳಿಮರಿ ಹೆಸರೇನು ಅಂತ ಮಾಸ್ತರು ಕೇಳಿದ ಮ್ಯಾಲೆ ಒಂದು ದಿನಾ ಸುಮ್ಮನಿದ್ದೆ.

ಇಷ್ಟೆಲ್ಲಾ ನಡದಾಗ ಅಜ್ಜಿ ಬಾಗಲ ಹಿಂದ ಕೂತು ಹೂಬತ್ತಿ ಹೊಸೀತಿದ್ಲು. ಅಕಿ ಧಾರವಾಡ, ಪಂಢರಪುರ, ಪುಣೆ ಬಿಟ್ರ ಬ್ಯಾರೆ ನೆಲಾ ತುಳದಕಿ ಅಲ್ಲ. ನಾ ಏನೂ ಕೇಳ್ಸಿಕೋತಿಲ್ಲ ಅನ್ನೂಹಂಗ ಮಾರಿ ಮಾಡಿಕೊಂಡಿರ್ತಿದ್ಲು. ಆದ್ರ ಕಾಕಾ ಸುಯೆಜ್ ಕಾಲುವಿ ಸುದ್ದಿ ತಗದ ದಿನಾ ಅಕಿ ಕೈ ನಿಂತ್ವು. ಎರಡೂ ಕಡೆ ಮರಳು, ನಡುವ ಒಂದು ಸಣ್ಣ ನೀರಿನ ಗೆರಿ, ಅದರಾಗ ನಮ್ಮ ವಾಡೆಕಿಂತ ಎತ್ತರದ ಹಡಗ, ದಂಡಿ ಮ್ಯಾಲೆ ಅದರ ಸರಿಸಮ ಉದ್ದ ಕೊರಳಿನ ಒಂಟಿ ನಡೀತಾವ ಅಂತ ಕಾಕಾ ಹೇಳಿದ.

ಅಜ್ಜಿ ನನ್ನ ಕರದ್ಲು. "ವೆಂಕ್ಯಾ, ಅವಗ ಕೇಳು. ಒಂಟಿ ಹಡಗಕ್ಕ ಬೆದರೂದಿಲ್ಲೇನು?"

ಹತ್ತು ಹೆಜ್ಜಿ ದೂರ ಇದ್ದ ಕಾಕಾಗ ಅದು ಕೇಳಿಸಿತ್ತು. ಆದ್ರೂ ನಾ ಹೋಗಿ ಹೇಳೋತನಕ ಸುಮ್ಮನಿದ್ದು, "ಬೆದರೂದಿಲ್ಲ ಅಂತ ಹೇಳು. ಹಡಗ ಎಷ್ಟು ಹಗೂರ ಹೋಗ್ತದಂದ್ರ, ದಂಡಿ ಮ್ಯಾಲಿನವರ ಜೋಡಿ ಮಾತಾಡಕೋತ ಹೋಗಬಹುದು" ಅಂದ.

ಅಜ್ಜಿ ಅರ್ಧಾ ಹೊಸೆದ ಬತ್ತಿ ಬದಿಗಿಟ್ಟು ಬಾಗಲದ ಕಡೆ ಸರದು ಕೂತ್ಲು.

ರಜಾ ಮುಗೀತು. ಇಬ್ಬರೂ ಸೋಲಲಿಲ್ಲ. ಹೋಗೋ ಮುಂಜಾನೆ ಕಾಕಾ ಟ್ರಂಕು ಕಟ್ಟಿ, ಹೊಸ್ತಿಲ ಹೊರಗಿಂದನ ನೆಲಕ್ಕ ಹಣಿ ಹಚ್ಚಿ ನಮಸ್ಕಾರ ಮಾಡಿದ. ಒಳಗಿಂದ ಆಶೀರ್ವಾದದ ಮಾತು ಬರಲಿಲ್ಲ. ಅವನ ಮಾರಿ ನೋಡಾಕ ಆಗಲಿಲ್ಲ ನನಗ. ಟಾಂಗಾ ಹತ್ತೂ ಮುಂದ ಅಜ್ಜಿ ಕೆಂಪು ಸೀರಿ ಸೆರಗು ಹೊದ್ದು, ಬಗಲಾಗ ಒಂದು ಬಟ್ಟಿ ಗಂಟು ಹಿಡಕೊಂಡು ಅಂಗಳಕ್ಕ ಬಂದ್ಲು.

"ಚಿಂಚವಾಡದ ಗಣಪತಿ ದರ್ಶನಕ್ಕ ಹೊಂಟೀನಿ. ವೆಂಕ್ಯಾ, ನೀ ಜೋಡಿ ಬಾ" ಅಂದ್ಲು.

ಮುಂಬೈ ಗಾಡಿ ಚಿಂಚವಾಡದ ಮ್ಯಾಲೆನ ಹೋಗ್ತದ ಅನ್ನೂದು ಪುಣೇದಾಗ ಕೂಸಿಗೂ ಗೊತ್ತು. ಅಪ್ಪ ಬಾಯಿ ತಗದ, ನಮ್ಮವ್ವ ಅವನ ಅಂಗಿ ಜಗ್ಗಿದ್ಲು, ಅಪ್ಪ ಬಾಯಿ ಮುಚ್ಚಿದ. ಟಾಂಗಾದಾಗ ಅಜ್ಜಿ ಮುಂದ ಟಾಂಗಾವಾಲಾನ ಕಡೆ, ನಾವು ಹಿಂದ.

ಸ್ಟೇಶನ್ನಿನ್ಯಾಗ ಪ್ಯಾಸೆಂಜರ್ ಗಾಡಿ ನಿಂತಿತ್ತು. ಥರ್ಡ್ ಕ್ಲಾಸಿನ ಡಬ್ಬಿಯೊಳಗ ಅಜ್ಜಿ ಸೀದಾ ಹೋಗಿ ಕಾಕಾನ ಬಾಜೂಕ ಕೂತ್ಲು. ಮುಟ್ಟಲಿಲ್ಲ, ನಡುವ ಆ ಗಂಟು ಇಟ್ಲು. ಗಂಟಿನಿಂದ ಶೇಂಗಾ ಚಟ್ನಿಯ ವಾಸನಿ ಬಂತು. ಕಾಕಾ ಗಂಟು ನೋಡಿದ, ಅಜ್ಜಿ ಮಾರಿ ನೋಡಿದ, ಕೈ ಮುಂದ ಮಾಡಿದ.

"ತಡಿ. ಗಾಡಿ ಹೊಂಡ್ಲಿ" ಅಂದ್ಲು ಅಜ್ಜಿ.

ಗಾಡಿ ಹೊಂಡವಲ್ದು. ಸಾಮಾನಿನ ಡಬ್ಬಿಯ ಹೊಟ್ಟಿ ಬಾವಿ ಇದ್ದಂಗಿತ್ತು, ಪೆಟ್ಟಿಗಿ ನುಂಗಿದ ನುಂಗಿತು. ಎದುರು ಕೂತ ತಳೇಗಾಂವದ ಒಬ್ಬ ಮುದುಕಪ್ಪ, ಮಗಾ ಹಸಿದಾನ, ಕೊಡ್ರಿ ಆಯಿ ಅಂತ ಮರಾಠಿಯೊಳಗ ಅಂದ. ಅಜ್ಜಿ ಅವನಿಗೂ ಮರಾಠಿಯೊಳಗ, ಗಾಡಿ ಹೊಂಡ್ಲಿ ಅಂದ್ಲು. ಕಾಕಾ ಗಡಿಯಾರ ನೋಡಿದ. ಗಾಡಿ ತಡಾ ಆತಂತ ಜಗತ್ತು ತಿರುಗಿದವ ಹಂಗ ಒದ್ದಾಡೂದನ್ನ ನಾ ಮೊದಲ ಸಲ ಕಂಡೆ.

ಸೀಟಿ ಹೊಡೀತು. ಗಾಡಿ ಒಂದು ಜಗ್ಗು ಜಗ್ಗಿತು, ಸ್ಟೇಶನ್ನಿನ ಫಲಾಟು ಮಂದಿ ಸಮೇತ ಹಿಂದ ಸರೀತು. ಅಜ್ಜಿ ಕಿಡಕಿಯಿಂದ ಹೊರಗ ನೋಡಿ, ಗಾಡಿ ಖರೇನ ನಡೀಲಿಕ್ಕತ್ತದ ಅಂತ ಖಾತ್ರಿ ಮಾಡಿಕೊಂಡು ಗಂಟಿನ ಗಂಟು ಬಿಚ್ಚಿದ್ಲು.

"ಪ್ರಯಾಣಕ್ಕ ಮಡಿ ಇಲ್ಲ," ಅಂದ್ಲು. "ಹಾಲಿನ್ಯಾಗ ಕಲಿಸಿದ ದಶಮಿಗೆ ಮುಸುರಿ ಇಲ್ಲ. ಹಿಡಿ ಕೈ."

ನಮ್ಮ ಮಂದಿ ಪ್ರಯಾಣಕ್ಕ ಹೊಂಟ್ರ ಇದ ಪದ್ಧತಿ. ನೀರು ಬಿದ್ದ ಅಡಿಗಿಗಷ್ಟ ಮುಸುರಿಯ ಮೈಲಿಗಿ; ಹಿಟ್ಟಿಗೆ ನೀರು ಮುಟ್ಟಿಸದ, ಬರೇ ಹಾಲಿನ್ಯಾಗ ಕಲಿಸಿ ತಟ್ಟಿದ ರೊಟ್ಟಿ ಅಂದ್ರ ದಶಮಿ. ಎಲ್ಲೆ ಬೇಕಾದಲ್ಲೆ, ಯಾರ ಬಾಜೂಕ ಬೇಕಾದ್ರೂ ಕೂತು ತಿನ್ನಬಹುದು. ಅಜ್ಜಿಯ ಶಾಸ್ತ್ರದ ಗೋಡಿಯೊಳಗ ಅಜ್ಜಿನ ಒಂದು ಕಿಡಕಿ ಹುಡುಕಿದ್ಲು. ಅಷ್ಟು ದಿನಾ ಬಾಗಲ ಹಿಂದ ಕೂತು ಅದನ್ನ ಹೊಸೀತಿದ್ಲೋ ಏನೋ.

ದಶಮಿ ಮುರದು, ಮೆಂತ್ಯದ ಹಿಟ್ಟು, ಚಟ್ನಿ ಸವರಿ, ನದಿ ದಾಟೋ ಸಂಗಮದ ಪೂಲಿನ ಮ್ಯಾಲೆ ಗಾಡಿ ಧಡಧಡ ಅನ್ನೂ ಮುಂದ ಕಾಕಾನ ಕೈಯಾಗ ಮೊದಲನೇ ತುತ್ತು ಇಟ್ಲು. ಅವ ಬಾಯಿಗೆ ಹಾಕ್ಕೊಂಡ. ಕೆಳಗ ನದಿ ನೋಡಕೋತ ಕೂತ. ಚಟ್ನಿ ಖಾರ ಆಗೇದ ಅಂತ ಕಣ್ಣು ಒರಸಿಕೊಂಡ. ಖಾರ ಇದ್ದಿದ್ದಿಲ್ಲ. ಮುಂಜಾನೆ ಅಡಿಗಿಮನ್ಯಾಗ ನಾ ರುಚಿ ನೋಡಿದ್ದೆ.

ಖಡಕಿ ಸ್ಟೇಶನ್ ಬಂತು, ಗಾಡಿ ನಿಂತಿತು. ಅಜ್ಜಿ ಟಪ್ಪನ ಗಂಟು ಕಟ್ಟಿದ್ಲು. ಕಾಕಾನ ಕೈ ಗಾಳಿಯೊಳಗ ಚಾಚಿದ್ದು ಹಂಗ ಉಳೀತು. ಮುದುಕಪ್ಪ ನಕ್ಕ ನಗಿಗೆ ಅವನ ಪಗಡಿ ನನ್ನ ತೊಡಿಗೆ ಬಿತ್ತು. ಗಾಡಿ ಮತ್ತ ಹೊಂಟಿತು, ಗಂಟು ಮತ್ತ ಬಿಚ್ಚಿತು. ಈ ಸಲ ಅಜ್ಜಿ ನನ್ನ ಕರೀದ, ನಡುವ ಹಡಗ ಇಲ್ಲದ ಮಾತಾಡಿದ್ಲು. ರಾತ್ರಿ ಸಮುದ್ರ ಸಪ್ಪಳಾ ಮಾಡ್ತದೇನು ಅಂತ ಕೇಳಿದ್ಲು. ಏಕಾದಶಿ ಯಾವತ್ತು ಅಂತ ಹಡಗಿನ್ಯಾಗ ಹೆಂಗ ತಿಳೀತದ ಅಂತ ಕೇಳಿದ್ಲು. ಕಾಕಾ ತುತ್ತು ನುಂಗಕೋತ ಹೇಳಿದ. ಕಿಡಕಿ ಹೊರಗ ಒಣ ಹೊಲ, ದೂರದಾಗ ಗುಡ್ಡ, ಗಾಡಿ ಸರಿಸಮ ಒಬ್ಬಾಂವ ಎಮ್ಮಿ ಹೊಡಕೊಂಡು ಹೊಂಟಿದ್ದ. ಅಜ್ಜಿ ಆ ಎಮ್ಮಿ ಮರೆ ಆಗೋತನಕ ಹೊಳ್ಳಿ ಹೊಳ್ಳಿ ನೋಡಿದ್ಲು.

ಚಿಂಚವಾಡ ಬಂದಬಿಡ್ತು. ಆ ಹಾದಿ ಅಷ್ಟು ಸಣ್ಣದದ ಅಂತ ನನಗ ಗೊತ್ತಿದ್ದಿಲ್ಲ. ನಾ ಕೆಳಗ ಜಿಗದೆ. ಅಜ್ಜಿ ಒಂದು ಕಾಲು ಫಲಾಟಿಗೆ ಇಟ್ಟು ಇನ್ನೊಂದನ್ನ ಪಾವಟಗಿ ಮ್ಯಾಲೆನ ಇಟ್ಟುಕೊಂಡು ನಿಂತ್ಲು. ಇಳೀರಿ ಬಾಯಿ ಅಂತ ಗಾರ್ಡ್ ಒದರಿದ. ಅಕಿ ಕದಲಲಿಲ್ಲ.

"ಇನ್ನೂ ಒಂದು ಕಾಲು ಪ್ರಯಾಣದಾಗ ಅದ," ಅಂದ್ಲು ಕಾಕಾಗ. "ಬಗ್ಗು ಲಗೂನ."

ಕಾಕಾ ಬಾಗಲದಾಗ ಬಗ್ಗಿದ. ಅಜ್ಜಿ ಅವನ ತಲಿ ಮ್ಯಾಲೆ ಕೈ ಇಟ್ಲು. ಮನಿಯೊಳಗ ಬಾರದ ಆಶೀರ್ವಾದ ಪೂರ್ತಿ ಹೇಳಿದ್ಲು, ಅವಸರಾ ಮಾಡಲಿಲ್ಲ. ಆಮ್ಯಾಲೆ ಉಳದ ಬುತ್ತಿ ಅವನ ಕೈಯಾಗ ಇಟ್ಟು ಕಾಲು ಕೆಳಗ ಇಳಿಸಿದ್ಲು. ಗಾಡಿ ಹೋತು. ಗುಡಿಗೆ ಹೋಗೂದು ಯಾವಾಗ ಅಂತ ಕೇಳಿದೆ. ಗಣಪತಿ ಎಲ್ಲಿ ಹೋಗ್ತಾನ, ಇನ್ನೊಮ್ಮೆ ಬರೋಣ ಅಂತ ಫಲಾಟಿನ ಕಟ್ಟಿಗಿ ಬಾಂಕದ ಮ್ಯಾಲೆ ಕೂತ್ಲು. ತಿರುಗಿ ಹೋಗೋ ಗಾಡಿ ಬರೋತನಕ ಮುಂಬೈ ಕಡೆ ಹಳಿ ನೋಡಕೋತ ಕೂತ್ಲು.

ಇದಾಗಿ ಎರಡು ವರ್ಷ ಆತು. ಯುದ್ಧ ಸುರು ಆಗೇದ. ಕಾಕಾನ ಹಡಗ ಎಲ್ಲಿ ಅದ ಅಂತ ಹೇಳೂಹಂಗಿಲ್ಲಂತ, ಮುಂಬೈ ಕಚೇರಿಗೆ ಅಪ್ಪ ಹೋಗಿ ಬಂದ್ರೂ ಅದ ಮಾತು. ಕಾಕಾ ತಿರುಗಿ ಬಂದಾಗ ಪ್ರಾಯಶ್ಚಿತ್ತದ ಮಾತು ತಗೀಬ್ಯಾಡ ಅಂತ ಅಪ್ಪ ಒಮ್ಮೆ ಅಜ್ಜಿಗೆ ಹೇಳಾಕ ಹೋದ. ಮರುದಿನ ಅಜ್ಜಿನ, ಪಡಸಾಲಿಯೊಳಗ ಕಾಕಾ ಊಟಕ್ಕ ಕೂಡ್ತಿದ್ದ ಮಣಿ ತೊಳದು ತಂದು ಅಡಿಗಿಮನ್ಯಾಗ ಒಲಿ ಎದುರು ಹಾಕಿದ್ಲು. ಅಲ್ಲೇ ಅದ ಇನ್ನೂ. ಯಾರೂ ಅದರ ಮ್ಯಾಲೆ ಕೂಡೂದಿಲ್ಲ.

ನನಗ ಈಗ ಹದಿನಾರು. ಮೀಸಿ ಖರೇನ ಬರ್ಲಿಕ್ಕತ್ತದ. ಸುಯೆಜ್ ನೋಡಬೇಕು, ಆ ಒಂಟಿ ನೋಡಬೇಕು ಅಂತ ನನ್ನ ಹೊಟ್ಟ್ಯಾಗೂ ಒಂದು ಹಡಗ ಸೀಟಿ ಹೊಡೀತಿರ್ತದ. ಅಜ್ಜಿಗೆ ಇದನ್ನ ಹೇಳಿಲ್ಲ. ಅಕಿಗೆ ಗೊತ್ತದ ಅನಸ್ತದ.

ತಿಂಗಳಿಗೊಮ್ಮೆ ಅಕಿ, ನಡಿ ವೆಂಕ್ಯಾ, ಗಣಪತಿ ದರ್ಶನ ಉಳದದ ಅಂತಾಳ. ನಾವಿಬ್ಬರೂ ಅದ ಗಾಡಿ ಹತ್ತತೀವಿ. ಗಾಡಿ ಹೊಂಡೋತನಕ ಗಂಟು ಬಿಚ್ಚೂದಿಲ್ಲ. ಸಂಗಮದ ಪೂಲಿನ ಮ್ಯಾಲೆ ಒಂದು ದಶಮಿ ಎರಡು ಮಾಡಿ, ಒಂದು ತುತ್ತು ನನ್ನ ಕೈಯಾಗ ಇಡ್ತಾಳ, ಕಾಕಾನ ಪಾಲಿನ ಇನ್ನೊಂದು ತನ್ನ ತೊಡಿ ಮ್ಯಾಲೆ ಬಟ್ಟಿಯೊಳಗ ಇಟ್ಟುಕೊಂಡು, "ಹೇಳು, ಎಲ್ಲಿ ಮುಟ್ಟಿದಿವಿ?" ಅಂತ ಕೇಳ್ತಾಳ. ನಾ ಏಡನ್ ದಾಟಿಸ್ತೀನಿ, ಕಾಲುವಿಗೆ ತರ್ತೀನಿ, ಒಂಟಿ ಕೊರಳಿಗೆ ಗಂಟಿ ಕಟ್ತೀನಿ. ಎಷ್ಟು ಹಿಗ್ಗಿಸಿದ್ರೂ ಅಕಿ ಸುಳ್ಳು ಅನ್ನೂದಿಲ್ಲ, ಮುಂದ ಅಂತಾಳ. ಖಡಕಿಯೊಳಗ ಗಾಡಿ ನಿಂತ ಕೂಡ್ಲೆ ಆ ಉಳದ ತುತ್ತನ್ನ ಬಟ್ಟಿಯೊಳಗ ಮುಚ್ಚಿ ಅದರ ಮ್ಯಾಲೆ ಕೈ ಇಟ್ಟು ಕೂಡ್ತಾಳ. ಗಾಡಿ ಹೊಂಟ ಮ್ಯಾಲೆ ಮತ್ತ ಬಿಚ್ಚತಾಳ.